ಸ್ಲೇಟು ಸಾಹೇಬರ ಫೋಟೋ

ಮೂರನೆಯ ಡ್ರಾಯರನ್ನೂ ಮಗಳು ನೆಲದ ಮೇಲೆ ಬೋರಲು ಹಾಕಿದಳು. ಕರೆಂಟು ಬಿಲ್ಲುಗಳು, ಇಂಕು ಒಣಗಿದ ಪೆನ್ನುಗಳು, ಕನ್ನಡಕದ ಎರಡು ಖಾಲಿ ಡಬ್ಬಿಗಳು ಬಿದ್ದವು. ಅಪ್ಪನ ಮುಖ ಮಾತ್ರ ಎಲ್ಲಿಯೂ ಇರಲಿಲ್ಲ.

"ಊರಿನ ಗೋಡೆಗೋಡೆದೂ ಫೋಟೋ ತೆಗೆದ್ರು. ತಮ್ಮದೊಂದು ತೆಗೆಸ್ಕೊಳ್ಳೋಕೆ ಏನು ಧಾಡಿಯಾಗಿತ್ತು ಇವರಿಗೆ?"

ಸತ್ತವರ ಮೇಲೆ ಸಿಟ್ಟು ಮಾಡಿಕೊಂಡರೆ ಅಳು ಒಂದಿಷ್ಟು ತಡವಾಗಿ ಬರುತ್ತದೆ. ಬೆಳಗಿನಿಂದ ಅವಳು ಮಾಡುತ್ತಿದ್ದದ್ದು ಅದನ್ನೇ.

"ಕಚೇರಿ ಕಾರ್ಡಿದೆಯಲ್ಲೇ," ಎಂದಳು ಅಮ್ಮ.

"ಅದರಲ್ಲಿ ಮೂಗಿನ ಮೇಲೇ ಸೀಲು ಹೊಡೆದಿದ್ದಾರಮ್ಮ. ಅಪ್ಪನೋ ಅಂಚೆ ಲಕೋಟೆನೋ ಗೊತ್ತಾಗಲ್ಲ."

ಮದುವೆಯ ಆಲ್ಬಂ, ಹಳೆಯ ಮನೆ ಖಾಲಿ ಮಾಡುವಾಗ ಗಾಡಿಯಲ್ಲೇ ನೆನೆದು ಒಂದಕ್ಕೊಂದು ಅಂಟಿಹೋಗಿತ್ತು. ಫೋನು ಬಂದ ಮೇಲಾದರೂ ಸಿಕ್ಕರೇ? "ಕೊಡು ಇಲ್ಲಿ, ನಾನು ತೆಗೀತೀನಿ" ಎಂದು ಪ್ರತಿ ಸಲವೂ ಕಿತ್ತುಕೊಳ್ಳುತ್ತಿದ್ದರು. ಮಗಳ ಫೋನಿನಲ್ಲಿದ್ದದ್ದು ಆಸ್ಪತ್ರೆಯ ಎರಡು ಚಿತ್ರ, ಮೂಗಿಗೆ ನಳಿಕೆ ಹಾಕಿದ್ದವು. ಅದನ್ನು ಗೋಡೆಗೆ ತೂಗುಹಾಕಿ ದಿನಾ ನೋಡಲು ಯಾರಿಂದಾದೀತು?

ನಡುಮನೆಯಲ್ಲಿ ಕಿಟಕಿಯ ಪಕ್ಕದ ಮಂಚದ ಮೇಲೆ ಅವರನ್ನು ಮಲಗಿಸಿದ್ದರು. ತಲೆಯ ಬಳಿ ಫೋಟೋ ಇಡಲೆಂದು ಒಂದು ಸ್ಟೂಲು, ಅದರ ಮೇಲೆ ಬಿಳಿ ಬಟ್ಟೆ. ಬಂದವರೆಲ್ಲ ಮೊದಲು ಆ ಖಾಲಿ ಸ್ಟೂಲನ್ನೇ ನೋಡುತ್ತಿದ್ದರು. ಹನ್ನೆರಡು ಗಂಟೆಗೆ ಗಾಡಿ ಬರುವುದಿತ್ತು.

"ಹಳೇ ಬೀದಿಯವರು ಯಾರಾದ್ರೂ ಬಂದ್ರಾ?" ಅಮ್ಮ ಮೂರನೆಯ ಸಲ ಕೇಳಿದಳು.

"ಅವರು ಯಾಕಮ್ಮ ಬರ್ತಾರೆ? ಆಗಲೇ ಅಪ್ಪನ್ನ ಕಂಡ್ರೆ ಬಾಗಿಲು ಹಾಕ್ಕೋತಿದ್ರು."

"ಗೊತ್ತಿದ್ದವರ ಬಾಯಲ್ಲೆಲ್ಲ ಹೇಳಿ ಕಳಿಸಿದ್ದೀನಿ, ಯಾರಿಗೆ ಮುಟ್ಟುತ್ತೋ. ಬರೋದು ಬಿಡೋದು ಅವರಿಷ್ಟ."

*

ಊರ ನಡುವಿನ ಇಕ್ಕಟ್ಟು ಬೀದಿಗಳನ್ನು ಕೆಡವಿ ದೊಡ್ಡ ರಸ್ತೆ ಮಾಡಬೇಕೆಂದು ನಗರಸಭೆ ತೀರ್ಮಾನಿಸಿದಾಗ, ಬೀಳುವ ಪ್ರತಿ ಮನೆಗೂ ಒಂದು ಫೋಟೋ ಇರಬೇಕೆಂದಾಯಿತು. ಆ ಕಚೇರಿಯಲ್ಲಿ ಕ್ಯಾಮೆರಾ ಹಿಡಿಯುವವರು ಅಪ್ಪ ಒಬ್ಬರೇ. ಮನೆಯ ನಂಬರನ್ನು ಸೀಮೆಸುಣ್ಣದಲ್ಲಿ ಸ್ಲೇಟಿನ ಮೇಲೆ ಬರೆದು, ಸ್ಲೇಟನ್ನು ಬಾಗಿಲಿಗೆ ಒರಗಿಸಿ, ಮನುಷ್ಯರಾರೂ ಬೀಳದ ಹಾಗೆ ಫೋಟೋ ತೆಗೆಯಬೇಕು. ತೆಗೆದ ತಿಂಗಳೊಳಗೆ ಮನೆ ನೆಲಸಮ. ಹಾಗಾಗಿ ಜನ ಇವರಿಗೆ ಸ್ಲೇಟು ಸಾಹೇಬ ಎಂದು ಹೆಸರಿಟ್ಟರು. ಸಾಹೇಬರಂತೆ! ಇದ್ದದ್ದು ಎರಡು ಪ್ಯಾಂಟು, ಒಂದು ಸೈಕಲ್ಲು.

ಕಚೇರಿಯ ಫೋಟೋ ಮುಗಿದ ಮೇಲೆ ಅವರು ಸ್ಲೇಟನ್ನು ಕಂಕುಳಲ್ಲಿ ಇಟ್ಟುಕೊಂಡು, "ಈಗ ಮನೆಯವರೆಲ್ಲ ಬಂದು ನಿಂತ್ಕೊಳ್ಳಿ. ಇದು ಕಚೇರಿಗಲ್ಲ, ನಿಮಗೆ" ಎನ್ನುತ್ತಿದ್ದರು. ಕೆಲವರು ಬೈದು ಕಳಿಸಿದರು. ಕೆಲವರು ತಲೆ ಬಾಚಿಕೊಂಡು ಬಂದು ನಿಂತರು. ಆ ಫಿಲಂ ಅವರ ಸ್ವಂತದ್ದು. ಪ್ರಿಂಟು ಹಾಕಿಸಿ ಕೊಡಲು ಹೋಗುವಷ್ಟರಲ್ಲಿ ಅಲ್ಲಿ ತಟ್ಟಲು ಬಾಗಿಲೇ ಇರುತ್ತಿರಲಿಲ್ಲ. ಜನ ಎತ್ತ ಹೋದರೆಂದು ಹೇಳುವವರೂ ಇರುತ್ತಿರಲಿಲ್ಲ. ಫೋಟೋಗಳು ಚಪ್ಪಲಿ ಡಬ್ಬಿಗಳಲ್ಲಿ ಮಂಚದ ಕೆಳಗೆ ಸೇರಿದವು.

ಕೊನೆಗೆ ಪಟ್ಟಿಯಲ್ಲಿ ಅವರದೇ ಬೀದಿ ಬಂತು. ವಿಷಯ ಅವರಿಗೆ ಎರಡು ತಿಂಗಳು ಮೊದಲೇ ಗೊತ್ತಿತ್ತು. ಆ ಎರಡು ತಿಂಗಳೂ ಭಾನುವಾರ ಬೆಳಿಗ್ಗೆ ಎದುರಿನ ಕಟಿಂಗ್ ಶಾಪಿನಲ್ಲಿ ಕೂತು, ಎಂದಿನಂತೆ ಕುತ್ತಿಗೆ ಒಡ್ಡಿ ಗಡ್ಡ ಮಾಡಿಸಿಕೊಂಡರು, ತುಟಿ ಬಿಚ್ಚಲಿಲ್ಲ. ಹೊರಗೆ ಹೇಳಬಾರದೆಂದು ಕಚೇರಿಯ ಕಟ್ಟಪ್ಪಣೆ ಇತ್ತು, ನಿಜ. ಆದರೆ ಆ ತಿಂಗಳೇ ಶಾಪಿನವರು ಹೊಸ ಕುರ್ಚಿ ಹಾಕಿಸಿ ಗೋಡೆಗೆ ಬಣ್ಣ ಹೊಡೆಸಿದ್ದರು. ಬಣ್ಣದ ವಾಸನೆ ಹೋಗುವ ಮೊದಲೇ ಬಾಗಿಲಿಗೆ ಸ್ಲೇಟು ಬಂತು.

"ಎಂಟು ವಾರ ನನ್ನ ಕತ್ತಿ ಕೆಳಗೆ ಕೂತಿದ್ದೆ. ಬಾಯಿಗೆ ಬೀಗ ಬಿದ್ದಿತ್ತಾ?" ಎಂದು ಶಾಪಿನವರು ಕೇಳಿದರು. "ಇನ್ಮೇಲೆ ನಿನ್ನ ಗಡ್ಡ ನೀನೇ ಕೆರ್ಕೋ."

ಅವರು ಹಾಗೆಯೇ ಮಾಡಿದರು. ಬೇರೆ ಯಾರ ಕೈಗೂ ಮುಖ ಕೊಡಲಿಲ್ಲ. ಇಪ್ಪತ್ತೆಂಟು ವರ್ಷ, ಕಿವಿಯ ಕೆಳಗೆ ಸದಾ ಒಂದಿಷ್ಟು ಕೂದಲು ಉಳಿದೇ ಇರುತ್ತಿತ್ತು.

*

ಹತ್ತು ಗಂಟೆಗೆ ಹೊಲಿಗೆಯಕ್ಕ ಬಂದರು. ಹಳೆಯ ಬೀದಿಯ ಮೂಲೆಮನೆಯಲ್ಲಿ ಕೂತು ಇಡೀ ಬೀದಿಯ ಬಟ್ಟೆ ಹೊಲಿದವರು. ಮಂಚದ ಬಳಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಮಗಳು ಹೊರಗೆಳೆದಿಟ್ಟಿದ್ದ ಚಪ್ಪಲಿ ಡಬ್ಬಿಗಳ ಕಡೆ ನೋಡಿದರು.

"ಏನೇ ಪುಟ್ಟಿ ಇದು?"

"ಹಳೇ ಬೀದಿಗಳ ಫೋಟೋ. ನಂಬರು ಹಾಕಿ ಕವರಿನಲ್ಲಿ ಇಟ್ಟಿದ್ದಾರೆ. ಇದರಲ್ಲೆಲ್ಲಾದ್ರೂ ಅಪ್ಪ ಇರಬಹುದೇನೋ ಅಂತ ಹುಡುಕ್ತಿದ್ದೀನಿ."

"ನಮ್ಮದು ಒಂದನೇ ನಂಬರು. ತೆಗಿ ನೋಡೋಣ."

ಫೋಟೋ ಕೈಗೆ ಬಂದದ್ದೇ ಅವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. "ನಮ್ಮ ಮೆಟ್ಟಿಲು ಕಣೇ. ನೋಡು, ಮೂರನೇದು ಮುರಿದಿದೆ. ಎಷ್ಟು ಜನ ಅದಕ್ಕೆ ಎಡವಿ ಬಟ್ಟೆ ಹರ್ಕೊಂಡಿದ್ದಾರೆ ಗೊತ್ತಾ?"

"ರಿಪೇರಿ ಮಾಡಿಸ್ಬಾರ್ದಿತ್ತಾ ಅತ್ತೆ?"

"ಮಾಡಿಸಿದ್ರೆ ನನಗೆ ಕೆಲಸ ಎಲ್ಲಿಂದ ಬರ್ಬೇಕು?"

ಅಮ್ಮನಿಗೂ ನಗು ಬಂತು. ಹೆಣದ ಮುಂದೆ ನಕ್ಕಿದ್ದಕ್ಕೆ ತಾನೇ ನಾಚಿ ಸೆರಗು ಬಾಯಿಗೆ ಒತ್ತಿಕೊಂಡಳು.

ಹೊಲಿಗೆಯಕ್ಕ ಫೋಟೋದಲ್ಲಿ ಗಂಡನ ಮುಖದ ಮೇಲೆ ಬೆರಳಾಡಿಸಿದರು. "ಈಗ ಅಲ್ಲಿ ಬಸ್ಸು ನಿಲ್ಲುತ್ತೆ. ಹೋದಾಗಲೆಲ್ಲ ಹುಡುಕ್ತೀನಿ, ನಮ್ಮನೆ ಎಲ್ಲಿತ್ತು ಅಂತ. ಇಪ್ಪತ್ತು ವರ್ಷ ಒಲೆ ಹಚ್ಚಿದ ಜಾಗ ನನಗೇ ಗೊತ್ತಾಗಲ್ಲ. ಇದನ್ನ ನಾನು ತಗೊಂಡು ಹೋಗ್ಲಾ?"

"ಅದು ನಿಮ್ಮದೇ," ಎಂದಳು ಅಮ್ಮ. "ನಿಮ್ಮ ವಿಳಾಸಕ್ಕೆ ಅಂತ ಅವರು ಎಷ್ಟು ಅಲೆದ್ರೋ."

ಅಷ್ಟರಲ್ಲಿ ಮಗಳಿಗೆ ಇಪ್ಪತ್ಮೂರನೇ ನಂಬರಿನ ಕವರು ಸಿಕ್ಕಿತು. ಅದು ತಮ್ಮದೇ ಮನೆ. ಅವಸರದಿಂದ ತೆರೆದಳು. ಮೆಟ್ಟಿಲ ಮೇಲೆ ಅಮ್ಮ ಕೂತಿದ್ದಾಳೆ, ಪಕ್ಕದಲ್ಲಿ ಏಳು ವರ್ಷದ ತಾನು. ಹಿಂದೆ ಅಪ್ಪ ನಿಂತಿದ್ದಾರೆ: ಅಂಗಿ ಇದೆ, ಜೇಬಿನಲ್ಲಿ ಪೆನ್ನು ಇದೆ, ಮಗಳ ತಲೆಯ ಮೇಲೆ ಇಟ್ಟ ಕೈ ಇದೆ. ಕುತ್ತಿಗೆಯಿಂದ ಮೇಲೆ ಫೋಟೋ ಮುಗಿದುಹೋಗಿದೆ.

ಅವಳು ಬೆಳಗಿನಿಂದ ತಡೆದಿದ್ದ ಅಳು ಈಗ ಬಂತು.

"ಅದನ್ನ ತೆಗೆದದ್ದು ನಾನು," ಎಂದಿತು ಬಾಗಿಲಿನಿಂದ ಒಂದು ಧ್ವನಿ.

ಕಟಿಂಗ್ ಶಾಪಿನವರು ಹೊಸ್ತಿಲಿನಾಚೆ ನಿಂತಿದ್ದರು. ಬೆನ್ನು ಬಾಗಿತ್ತು. ಕೈಯಲ್ಲಿ ಹಳೆಯ ಚರ್ಮದ ಚೀಲ.

"ಒಳಗೆ ಬನ್ನಿ ಅಣ್ಣ," ಎಂದಳು ಅಮ್ಮ.

ಅವರು ಬರಲಿಲ್ಲ. ನಿಂತಲ್ಲಿಂದಲೇ ಹೇಳಿದರು. "ಕೊನೇ ದಿನ. ಬೀದಿ ಪೂರ್ತಿ ಖಾಲಿ. ಬಂದು ಕ್ಯಾಮೆರಾ ಕೈಗೆ ಕೊಟ್ಟ. ‘ಒಂದು ಗುಂಡಿ ಒತ್ತಣ್ಣ, ನನ್ನ ಮನೆ ಮುಂದೆ ನಾನು ನಿಂತದ್ದು ಒಂದಿರಲಿ’ ಅಂದ. ನನಗೆ ಹೊಟ್ಟೆ ಉರೀತಿತ್ತು. ಬೇಕಂತಲೇ ತಲೆ ಬಿಟ್ಟು ತೆಗೆದೆ. ‘ಚೆನ್ನಾಗಿ ಬಂತಾ’ ಅಂದ. ಬಂತು ಅಂದೆ." ಆಮೇಲೆ ಕೇಳಿದರು, "ನೋಡಿದ ಮೇಲೆ ಏನಂದ? ಬೈದನಾ?"

ಅಮ್ಮ ಮಗಳ ಕೈಯಿಂದ ಫೋಟೋ ತೆಗೆದುಕೊಂಡು, ತಿರುಗಿಸಿ ಅವರ ಮುಂದೆ ಹಿಡಿದಳು. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿತ್ತು: ‘ತೆಗೆದವರು ಎದುರು ಶಾಪಿನ ಅಣ್ಣ. ಸರಿಯಾಗಿಯೇ ತೆಗೆದಿದ್ದಾರೆ.’

ಶಾಪಿನವರು ಅದನ್ನು ಎರಡು ಸಲ ಓದಿದರು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ಮಂಚದ ಪಕ್ಕ ನಿಂತರು. ಆಸ್ಪತ್ರೆಯಲ್ಲಿ ಬೆಳೆದ ಬಿಳಿ ಗಡ್ಡವನ್ನು ನೋಡಿದರು. ಕಿವಿಯ ಕೆಳಗೆ, ಉಳಿದದ್ದಕ್ಕಿಂತ ಉದ್ದವಾಗಿದ್ದ ಕೂದಲನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಎಂಥಾ ಕೆಲಸಗೇಡಿ," ಎಂದರು. "ಇಷ್ಟು ವರ್ಷ ಆದ್ರೂ ಇಲ್ಲೊಂದು ಕಡೆ ಸರಿಯಾಗಿ ಕತ್ತಿ ಹಿಡಿಯೋಕೆ ಬರಲಿಲ್ಲ ಇವನಿಗೆ. ಪುಟ್ಟಿ, ಒಂದು ಚೊಂಬು ಬಿಸಿನೀರು ತಾ."

ಮಗಳು ನೀರು ತಂದಳು. ತಲೆಯಿಲ್ಲದ ಫೋಟೋವನ್ನು ಸ್ಟೂಲಿನ ಮೇಲೆ ಇಟ್ಟು, ಅಪ್ಪನ ತಲೆಯ ಹಿಂದೆ ನಿಂತುಕೊಂಡಳು. ಶಾಪಿನವರು ಕತ್ತಿಗೆ ಹೊಸ ಬ್ಲೇಡು ಹಾಕಿ, ಬ್ರಷ್ಷು ನೆನೆಸಿ, ನೊರೆ ಹಚ್ಚಿದರು. ಗಲ್ಲವನ್ನು ಎರಡು ಬೆರಳಿನಿಂದ ಬೆಳಕಿಗೆ ತಿರುಗಿಸಿಕೊಂಡರು. ಮೀಸೆಯ ಅಂಚನ್ನು ನೇರ ಮಾಡಿದರು. ಕಿವಿಯ ಕೆಳಗೆ ಬಹಳ ಹೊತ್ತು ತೆಗೆದುಕೊಂಡರು. ಒದ್ದೆ ಬಟ್ಟೆಯಲ್ಲಿ ಒರೆಸಿ, ಕೂದಲು ಬಾಚಿದರು.

ಎಲ್ಲ ಮುಗಿದ ಮೇಲೆ ಅಭ್ಯಾಸಬಲದಿಂದ ಅವರ ಕೈ ಚೀಲದೊಳಗೆ ಹೋಯಿತು. ಮರದ ಚೌಕಟ್ಟಿನ ಕೈಗನ್ನಡಿಯನ್ನು ತೆಗೆದು, ಸ್ನೇಹಿತನ ಮುಖದ ಮುಂದೆ ಹಿಡಿದು, "ನೋಡ್ಕೋ, ಸರಿ ಇದೆಯಾ?" ಎಂದು ಕಾದರು.

ಮಗಳಿಗೆ ತಾನು ನಿಂತಲ್ಲಿಂದ ಆ ಚೌಕಟ್ಟಿನೊಳಗೆ ಅಪ್ಪನ ಮುಖ ಪೂರ್ತಿ ಕಂಡಿತು. ಕಿಟಕಿಯ ಬೆಳಕು ಒಂದು ಕೆನ್ನೆಯ ಮೇಲೆ ಬಿದ್ದಿತ್ತು.

ಹೊರಗೆ ಗಾಡಿ ಬಂದು ಹಾರ್ನ್ ಮಾಡಿತು.

"ಒಂದ್ನಿಮಿಷ ಹಾಗೇ ಹಿಡ್ಕೊಳ್ಳಿ ಮಾವ," ಎಂದಳು ಅವಳು.

ಅವರು ಹಿಡಿದುಕೊಂಡೇ ಇದ್ದರು.