ಹದಿನಾರು ಓಮ್

"ಬಾಗಿಲು ಹಿಡ್ಕೊಳ್ಳಿ ಅತ್ತಿಗೆ. ಓರೆ ಮಾಡಿದ್ರೆ ಬರುತ್ತೆ."

ಅವಳು ಬೆನ್ನು ಕೊಟ್ಟು ಬಾಗಿಲನ್ನು ಒತ್ತಿ ಹಿಡಿದಳು. ಸಣ್ಣು ಸ್ಪೀಕರ್ ಕ್ಯಾಬಿನೆಟ್ಟನ್ನು ಒಂದು ಮೂಲೆಯ ಮೇಲೆ ನಿಲ್ಲಿಸಿ, ಕುಡಿದವನನ್ನು ಮನೆ ಸೇರಿಸುವವನ ಹಾಗೆ ತಬ್ಬಿಕೊಂಡು, ತಿರುಗಿಸಿ ತಿರುಗಿಸಿ ಒಳಗೆ ತಂದ. ಅದು ಅವಳ ಎದೆಯೆತ್ತರಕ್ಕಿತ್ತು. ಕಬ್ಬಿಣದ ಜಾಲರಿಯ ಹಿಂದೆ ನಾಲ್ಕು ಸ್ಪೀಕರುಗಳು. ಸಣ್ಣು ಅವಳ ಗಂಡನ ವಾದ್ಯತಂಡದಲ್ಲಿ ಡ್ರಮ್ ಬಾರಿಸುವವನು. ಅವನು ಸಣ್ಣಗಿದ್ದ ಕಾಲ ಯಾರಿಗೂ ನೆನಪಿಲ್ಲ, ಹೆಸರೊಂದು ಉಳಿದುಕೊಂಡಿದೆ.

ಸಭಾಂಗಣದ ಆ ತುದಿಯಲ್ಲಿ, ಎತ್ತರದ ಮೇಜಿನ ಮೇಲೆ, ಗಂಡ ಮಲಗಿದ್ದ. ಬಿಳಿ ಹೊದಿಕೆ ಎದೆಯವರೆಗೆ ಇತ್ತು, ಕೈಗಳು ಅದರ ಮೇಲಿದ್ದವು. ಎಡಗೈಯ ಬೆರಳತುದಿಗಳು ತಂತಿ ಒತ್ತಿ ಒತ್ತಿ ಗಟ್ಟಿಯಾದವು. ಬಲಗೈಯ ಉಗುರಂಚಿನಲ್ಲಿ ಬೈಂಡಿಂಗ್ ಅಂಟು ಇನ್ನೂ ಇತ್ತು. ಕೊನೆಯ ಸ್ನಾನದಲ್ಲಿ ಎಷ್ಟು ಉಜ್ಜಿದರೂ ಹೋಗಿರಲಿಲ್ಲ.

"ಅವನು ಹೊಲಿದ ಪುಸ್ತಕ ಬಿಚ್ಚಿಕೊಂಡು ವಾಪಸ್ ಬಂದದ್ದೇ ಇಲ್ಲ ತಾಯಿ," ಎಂದರು ಅವನು ಕೆಲಸಕ್ಕಿದ್ದ ಪುಸ್ತಕ ಬೈಂಡಿಂಗ್ ಶಾಲೆಯ ಮೇಸ್ತ್ರಿ, ಟೋಪಿಯನ್ನು ಕೈಯಲ್ಲಿ ಹಿಸುಕುತ್ತ. "ಬಾಯಿನೂ ಹಾಗೇ ಹೊಲಿದು ಇಟ್ಕೊಂಡಿದ್ದ, ಪುಣ್ಯಾತ್ಮ. ಹತ್ತು ಸಲ ಕೇಳಿದ್ರೆ ಒಂದು ಮಾತು."

ಅವಳು ತಲೆದೂಗಿದಳು. ಬೆಳಗಿನಿಂದ ಎಲ್ಲರೂ ಅವನ ಮೌನವನ್ನೇ ಹೊಗಳುತ್ತಿದ್ದರು. ಪ್ರತಿ ಸಲವೂ ಅವಳು ಕಣ್ಣು ತಗ್ಗಿಸುತ್ತಿದ್ದಳು. ದುಃಖವೆಂದು ನೋಡುವವರು ಅಂದುಕೊಂಡರು.

ಮಗಳು ಕುರ್ಚಿಯ ಮೇಲೆ ಕೂತು ಅಪ್ಪನ ಬೇಸ್ ಗಿಟಾರಿನ ಕಿವಿ ತಿರುಗಿಸಿ ಶ್ರುತಿ ಮಾಡುತ್ತಿದ್ದಳು. ಪ್ರತಿ ಕಾರ್ಯಕ್ರಮದ ಕೊನೆಗೆ ಅಪ್ಪ ನುಡಿಸುತ್ತಿದ್ದ ತುಣುಕೊಂದನ್ನು ನುಡಿಸಿ ಅವನನ್ನು ಕಳಿಸಿಕೊಡಬೇಕೆಂದು ಮಗಳೂ ಸಣ್ಣುವೂ ತೀರ್ಮಾನಿಸಿದ್ದರು. ಗಿಟಾರಿನ ಸದ್ದನ್ನು ಹಿಗ್ಗಿಸಿ ಸ್ಪೀಕರಿಗೆ ಕಳಿಸುವ ಅಪ್ಪನ ಆಂಪ್ ಅವಳ ಕಾಲ ಬಳಿ ಇತ್ತು.

"ಆ ಪುಟಾಣಿ ಕ್ಯಾಬಿನೆಟ್ಟು ಮನೇಲೇ ಇರ್ಲಿ ಅಂತ ನಾನೇ ಅಂದೆ," ಎಂದ ಸಣ್ಣು, ಬೆವರು ಒರೆಸಿಕೊಳ್ಳುತ್ತ. "ಜನ್ಮವೆಲ್ಲ ಅದರೊಳಗೇ ಗುಸುಗುಸು ಅಂದ. ಇವತ್ತೊಂದಿನ ಅಣ್ಣ ಎಲ್ಲರಿಗೂ ಕೇಳಿಸ್ಲಿ." ಆಂಪ್‌ಗೂ ಕ್ಯಾಬಿನೆಟ್ಟಿಗೂ ಜೋಡಿಸುವ ತಂತಿಯನ್ನು ಕೈಗೆ ತೆಗೆದುಕೊಂಡವನು ನಿಂತ. "ಆದ್ರೆ ಅತ್ತಿಗೆ, ಇದು ನಾಲ್ಕು ಓಮ್‌ದು. ಅಣ್ಣನ ಆಂಪ್ ತಡೆಯುತ್ತಾ? ಕೇಳಿದಾಗೆಲ್ಲ ಅಂತಿದ್ದ, ಹದಿನಾರಕ್ಕಿಂತ ಕೆಳಗಿಳಿದ್ರೆ ಸುಟ್ಟುಹೋಗುತ್ತೆ, ನಿಮ್ಮತ್ತಿಗೆ ಲೆಕ್ಕ ಹಾಕಿದಾಳೆ ಅಂತ. ನೀವು ಬೇಡ ಅಂದ್ರೆ ಬೇಡ."

*

ಲೆಕ್ಕ ಹಾಕಿದ್ದು ನಿಜ. ಅವಳು ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿದ್ದವಳು. ಕ್ಯಾಬಿನೆಟ್ ಕೊಳ್ಳಲು ಹೋದ ದಿನ ಅಂಗಡಿಯಲ್ಲಿ ಅವನು, "ಈ ಓಮ್ ಗೀಮ್ ನನಗೆ ಹತ್ತಲ್ಲ ಮಾರಾಯ್ತಿ. ನೀನು ನೋಡಿ ಹೇಳು, ಕಣ್ಣು ಮುಚ್ಚಿಕೊಂಡು ತಗೋತೀನಿ," ಎಂದಿದ್ದ.

ಎರಡು ಕ್ಯಾಬಿನೆಟ್ಟುಗಳಿದ್ದವು. ಒಂದು ದೊಡ್ಡದು, ನಾಲ್ಕು ಓಮ್. ಇನ್ನೊಂದು ಮೊಣಕಾಲೆತ್ತರದ ಒಂಟಿ ಸ್ಪೀಕರಿನದು, ಹದಿನಾರು ಓಮ್. ಓಮ್ ಎಂದರೆ ವಿದ್ಯುತ್ತಿಗೆ ಸ್ಪೀಕರು ಒಡ್ಡುವ ತಡೆ. ತಡೆ ಹೆಚ್ಚಿದಷ್ಟೂ ಆಂಪ್‌ನಿಂದ ಬರುವ ಶಕ್ತಿ ಕಡಿಮೆ. ಆಂಪ್ ತಾಳುವುದಕ್ಕಿಂತ ತಡೆ ಕಡಿಮೆಯಾದರೆ ಮಾತ್ರ ಸುಡುವ ಭಯ. ಅವನ ಆಂಪ್ ಎಷ್ಟು ತಾಳುತ್ತದೆಂಬುದು ಅದರ ಬೆನ್ನ ಮೇಲೇ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು: ಕನಿಷ್ಠ ನಾಲ್ಕು ಓಮ್. ಮನೆಯಿಂದ ಹೊರಡುವ ಮೊದಲೇ ಅವಳು ಅದನ್ನು ಓದಿಕೊಂಡಿದ್ದಳು.

ಅಂಗಡಿಯವನು ತನ್ನದೇ ಒಂದು ಆಂಪ್‌ಗೆ ದೊಡ್ಡ ಕ್ಯಾಬಿನೆಟ್ಟನ್ನು ಜೋಡಿಸಿ ಗಿಟಾರನ್ನು ಅವನ ಕೈಗೆ ಕೊಟ್ಟ. ಅವನು ಒಂದೇ ಒಂದು ಸ್ವರ ಮೀಟಿದ. ಅದು ಅವಳ ಕಿವಿಗೆ ಬರುವ ಮೊದಲು ಅಂಗಾಲಿಗೆ ಬಂತು. ಅವನ ಮುಖ, ಮದುವೆಯಾದಂದಿನಿಂದ ಅವಳು ಒಮ್ಮೆಯೂ ಕಂಡಿರದ ಮುಖ, ಎಲ್ಲೋ ದೂರ ನೋಡುತ್ತ ನಗುತ್ತಿತ್ತು.

ಮನೆಯಲ್ಲಿ ಹಸುಗೂಸು. ಹಿಂದಿನ ಮನೆಯ ಮಾಲೀಕ ಸದ್ದಿನ ನೆಪಕ್ಕೇ ಮನೆ ಬಿಡಿಸಿದ್ದ. ಆಮೇಲೆ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡ ಕಾರಣಗಳು ಇವು, ಸುಳ್ಳೂ ಅಲ್ಲ. ಆದರೆ ಆ ಗಳಿಗೆಯಲ್ಲಿ ಅವಳಿಗೆ ಹೊಳೆದದ್ದು ಒಂದೇ: ಈ ಮುಖ ಮನೆಯಲ್ಲಿ ನಿಲ್ಲುವ ಮುಖವಲ್ಲ.

"ನಿಮ್ಮ ಆಂಪ್ ಇದನ್ನ ತಡೆಯಲ್ಲ," ಎಂದಳು. "ಹದಿನಾರಕ್ಕಿಂತ ಕೆಳಗಿಳಿದ್ರೆ ಸುಟ್ಟುಹೋಗುತ್ತೆ. ಆ ಚಿಕ್ಕದೇ ಸರಿ."

ಅಂಗಡಿಯವನು ಬಾಯಿ ತೆರೆದ. ಅವಳು ಅವನನ್ನು ನೋಡಿದಳು. ಗಂಡಹೆಂಡಿರ ನಡುವೆ ಬಾಯಿ ಹಾಕಿದರೆ ಬಂದ ಗಿರಾಕಿಯೂ ಹೋಗುತ್ತದೆಂದು ಅವನಿಗೆ ಗೊತ್ತಿದ್ದಿರಬೇಕು. ಬಾಯಿ ಮುಚ್ಚಿಕೊಂಡು ಚಿಕ್ಕದರ ಧೂಳು ಒರೆಸಿದ.

*

ಅದಾಗಿ ಎರಡು ವರ್ಷಕ್ಕೆ ಊರೂರು ತಿರುಗುವ ದೊಡ್ಡ ತಂಡವೊಂದು ಡ್ರಮ್ಮಿಗೂ ಬೇಸಿಗೂ ಹೊಂದಿಕೊಂಡ ಜೋಡಿಯೊಂದನ್ನು ಹುಡುಕುತ್ತಿತ್ತು. ಸಣ್ಣು ಯಾರನ್ನೋ ಹಿಡಿದು, ಆ ತಂಡದ ಮುಂದೆ ನುಡಿಸಿ ತೋರಿಸಲು ಇಬ್ಬರಿಗೂ ಕರೆ ಬರುವಂತೆ ಮಾಡಿದ. ಆವತ್ತು ಅವಳು ಆ ದೊಡ್ಡ ಹಾಲ್‌ನ ಹಿಂದಿನ ಸಾಲಿನಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸಣ್ಣು ಬಾರಿಸಿದ್ದು ಗೋಡೆಗಳಿಗೆ ಹೊಡೆದು ಬರುತ್ತಿತ್ತು. ಗಂಡನ ಬೆರಳುಗಳು ಓಡಾಡುವುದು ಕಾಣುತ್ತಿತ್ತು, ಅಷ್ಟೇ. ಮುಂದಿನ ಸಾಲಿನಲ್ಲಿದ್ದ ತಂಡದ ಯಜಮಾನ ಕಿವಿಯ ಹಿಂದೆ ಅಂಗೈ ಹಿಡಿದು, "ಸ್ವಲ್ಪ ಜೋರು, ಸ್ವಲ್ಪ ಜೋರು," ಎನ್ನುತ್ತಲೇ ಇದ್ದ.

ಅಲ್ಲೇ ಎದ್ದು ನಿಂತು ಒಂದು ಮಾತು ಹೇಳಬಹುದಿತ್ತು. ಆ ವೇದಿಕೆಯ ಪಕ್ಕದಲ್ಲೇ ಅವರದೊಂದು ದೊಡ್ಡ ಕ್ಯಾಬಿನೆಟ್ಟು ಸುಮ್ಮನೆ ನಿಂತಿತ್ತು. ಮಗು ನಿದ್ದೆ ಮಾಡುತ್ತಿತ್ತು. ಅವಳು ಅದರ ತಲೆ ನೇವರಿಸುತ್ತ ಕೂತಳು.

ಮನೆಗೆ ಬಂದು ಅವನು ಚಪ್ಪಲಿ ಬಿಡುತ್ತ, "ಆಂಪ್‌ಗೆ ಇರೋ ಶಕ್ತಿ ಅಷ್ಟೇ, ಏನ್ಮಾಡೋದು," ಎಂದ. ಕೈ ತೊಳೆದು ಊಟಕ್ಕೆ ಕೂತ. ಆ ತಂಡದಿಂದ ಮತ್ತೆ ಕರೆ ಬರಲಿಲ್ಲ. ಸಣ್ಣು ಟೈರಿನ ಅಂಗಡಿಗೆ ಕೆಲಸಕ್ಕೆ ಸೇರಿದ; ಇವತ್ತಿಗೂ ಅಲ್ಲೇ ಇದ್ದಾನೆ.

*

"ಅಮ್ಮ, ಸಣ್ಣು ಮಾಮ ಕೇಳ್ತಿರೋದು," ಎಂದಳು ಮಗಳು. "ಇರು, ಹಿಂದೆ ಬರೆದಿರುತ್ತಲ್ಲ." ಆಂಪನ್ನು ತಿರುಗಿಸಿದಳು. "ಇಲ್ಲಿ ಏನೋ ಅಂಟಿಸಿದಾರೆ ಅಪ್ಪ."

ಅವಳೂ ಬಗ್ಗಿ ನೋಡಿದಳು. ಅಂಗಡಿಗೆ ಹೋಗಿ ಬಂದಂದಿನಿಂದ ಆಂಪ್‌ನ ಬೆನ್ನನ್ನು ನೋಡಲು ಅವಳಿಗೆ ಮನಸ್ಸೇ ಬಂದಿರಲಿಲ್ಲ. ಮನೆಯಲ್ಲಿ ಆ ಬೆನ್ನು ಸದಾ ಗೋಡೆಯ ಕಡೆಗೇ ಇರುತ್ತಿತ್ತು. ಅಕ್ಷರಗಳಿದ್ದ ಜಾಗದಲ್ಲಿ ಕಡುಗೆಂಪು ಬೈಂಡಿಂಗ್ ಬಟ್ಟೆಯ ಒಂದು ತುಂಡು. ಮೂಲೆಗಳು ಏಳದಿರಲೆಂದು ದುಂಡಗೆ ಕತ್ತರಿಸಿ, ಗುಳ್ಳೆಯೇಳದಂತೆ ಒತ್ತಿ ಉಜ್ಜಿ ಅಂಟಿಸಿದ್ದು. ಹಾಗೆ ಅಂಟಿಸುವ ಕೈ ಒಂದೇ.

ಬಟ್ಟೆಯ ಗುರುತೂ ಹತ್ತಿತು. ಕ್ಯಾಬಿನೆಟ್ ತಂದ ವಾರವೇ ಅವನು ಅವಳ ಹರಿದ ಕೋಷ್ಟಕಗಳ ಪುಸ್ತಕಕ್ಕೆ ಹೊಸ ರಟ್ಟು ಹಾಕಿಕೊಟ್ಟಿದ್ದ. "ಒಳ್ಳೆ ಬಟ್ಟೆ, ಇಷ್ಟೇ ಉಳಿದಿತ್ತು, ನಿನಗೇ ಇರಲಿ," ಎಂದಿದ್ದ. ಉಳಿದದ್ದು ಇಷ್ಟೇ ಅಲ್ಲ, ಇನ್ನೂ ಒಂದು ಚೂರಿತ್ತು.

ಆ ವಾರವೇ ಓದಿದ್ದಾನೆ. ಓದಿ, ಬೇರೆ ಯಾರೂ ಓದದಂತೆ ಮುಚ್ಚಿದ್ದಾನೆ. ಗೊತ್ತಿದ್ದೂ ಆ ಚಿಕ್ಕದನ್ನೇ ಹೊತ್ತುಕೊಂಡು ಆ ದೊಡ್ಡ ಹಾಲ್‌ಗೆ ಹೋಗಿದ್ದಾನೆ. ಏಕೆ ಎಂದು ಕೇಳಬೇಕಾದವನು ಹತ್ತು ಹೆಜ್ಜೆ ಆಚೆ ಮಲಗಿದ್ದ.

"ರಿಪೇರಿಗೇನಾದ್ರೂ ಅಂಟಿಸಿರಬೇಕು," ಎಂದ ಸಣ್ಣು. "ಬಿಡಿ ಅತ್ತಿಗೆ. ಸುಮ್ನೆ ಯಾಕೆ ಅಪಾಯ, ಆ ಚಿಕ್ಕದನ್ನೇ ತರ್ತೀನಿ. ಗಾಡಿ ಇದೆ."

ಹೂಂ ಎಂದರೆ ಮುಗಿದಿತ್ತು. ಆ ಬಟ್ಟೆ ಇನ್ನೂ ಎಷ್ಟು ವರ್ಷ ಬೇಕಾದರೂ ಹಿಡಿದುಕೊಂಡಿರುತ್ತಿತ್ತು.

ಅವಳು ನೆಲದ ಮೇಲೆ ಕೂತು ದುಂಡು ಮೂಲೆಯ ಅಡಿಗೆ ಉಗುರು ತೂರಿಸಿದಳು. ಅವನ ಅಂಟು, ಬೇಗ ಬಿಡಲಿಲ್ಲ. ಉಗುರು ಸೀಳಿತು. ಕೊನೆಗೆ ಬಟ್ಟೆ ಒಂದೇ ಹಾಳೆಯಾಗಿ ಎದ್ದುಬಂತು. ಅವಳು ಪಕ್ಕಕ್ಕೆ ಸರಿದಳು.

ಸಣ್ಣು ಕನ್ನಡಕ ಹಾಕಿಕೊಂಡು ಓದಿದ. ಇನ್ನೊಂದು ಸಲ ಓದಿದ.

"ನಾಲ್ಕು," ಎಂದ. "ಮೊದಲಿಂದಲೂ?"

"ಮೊದಲಿಂದಲೂ. ನನಗೆ ಗೊತ್ತಿತ್ತು."

"ಅಂದ್ರೆ ಆವತ್ತು ಆ ಹಾಲ್‌ನಲ್ಲಿ…"

"ಹೌದು ಸಣ್ಣು."

ಮಗಳು ಅಮ್ಮನ ಮುಖವನ್ನೂ ಮಾಮನ ಮುಖವನ್ನೂ ನೋಡಿ ಗಿಟಾರನ್ನು ತೊಡೆಗೆಳೆದುಕೊಂಡಳು.

"ಕೈ ಸತ್ತೋಗಿದ್ಯೇನೋ ಅಂತ ಬೈದಿದ್ದೆ ಅವನಿಗೆ," ಎಂದ ಸಣ್ಣು. "ಬಸ್ ಸ್ಟಾಪಿನಲ್ಲಿ, ಎಲ್ಲರ ಮುಂದೆ. ಅವನು ಹೌದು ಕಣೋ ಅಂದ." ಆಮೇಲೆ ಅವಳ ಕಡೆ ನೋಡಲಿಲ್ಲ. ತಂತಿಯನ್ನು ಆಂಪ್‌ಗೆ ಚುಚ್ಚಿ, ಇನ್ನೊಂದು ತುದಿಯನ್ನು ಕ್ಯಾಬಿನೆಟ್ಟಿಗೆ ಚುಚ್ಚಿ, ಡ್ರಮ್ಮಿನ ಹಿಂದೆ ಹೋಗಿ ಕೂತ. "ನುಡಿಸು ಮಗಳೇ. ವಾಲ್ಯೂಮ್ ಪೂರ್ತಿ ತಿರುಗಿಸಿ ನುಡಿಸು."

ಮಗಳು ಆಂಪ್‌ನ ಗುಂಡಿ ತಿರುಗಿಸುತ್ತಿದ್ದಂತೆ ಅವಳು ಗೋಡೆಯ ಪಕ್ಕದ ಮೇಜಿನ ಬಳಿ ಹೋಗಿ ನಿಂತಳು. ಬಂದವರಿಗೆಂದು ನೀರು ತುಂಬಿಸಿಟ್ಟ ಗಾಜಿನ ಲೋಟಗಳು ಅಲ್ಲಿ ಸಾಲಾಗಿದ್ದವು. ಮೊದಲ ಸ್ವರ ನೆಲದಿಂದ ಎದ್ದಿತು. ಮೇಸ್ತ್ರಿ ತಿರುಗಿ ನೋಡಿದರು. ಗಂಡನ ಪಾದದ ಮೇಲಿನ ಹೊದಿಕೆಯ ಅಂಚು ಅದುರಿತು. ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ಮನೆಯಲ್ಲಿ ಅವನು ನುಡಿಸುವಾಗಲೆಲ್ಲ ಮಾಡುತ್ತಿದ್ದ ಹಾಗೆಯೇ ಅವಳ ಕೈ ತಾನಾಗಿ ಹೋಗಿ ಲೋಟಗಳ ಮೇಲೆ ಕೂತು ಸದ್ದನ್ನು ಅಡಗಿಸಿತು.

ಅವಳು ಕೈಯನ್ನು ನೋಡಿದಳು. ಎತ್ತಿದಳು.

ಮತ್ತೆ ಕಿಣಿಕಿಣಿ ಶುರುವಾಯಿತು. ಸಾಲಿನ ಕೊನೆಯ ಲೋಟ ನಡುಗುತ್ತ, ಪ್ರತಿ ಸ್ವರಕ್ಕೂ ಒಂದೊಂದು ಕೂದಲೆಳೆ, ಮೇಜಿನ ಅಂಚಿನ ಕಡೆಗೆ ಸರಿಯುತ್ತಿತ್ತು. ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಅದನ್ನೇ ನೋಡುತ್ತ ನಿಂತಳು.