ಕೊಬ್ಬರಿ ಎಣ್ಣೆ ಕರಗುವ ತನಕ

ಹ್ಯಾಂಡ್‌ಬಾಲ್ ಆಡುವವರು ಕೈಗೆ ಅಂಟು ಹಚ್ಚಿಕೊಳ್ಳುತ್ತಾರೆ. ಮರದ ರಾಳದಿಂದ ಮಾಡಿದ್ದು, ಜೇನಿನ ಬಣ್ಣ. ಬೂಟಿನ ಹಿಂಬದಿಗೆ ಒಂದು ಮುದ್ದೆ ಮೆತ್ತಿಕೊಂಡಿರುತ್ತೇವೆ. ಆಟದ ನಡುವೆ ಬಗ್ಗಿ ಬೆರಳಿಗೆ ತೆಗೆದುಕೊಳ್ಳುತ್ತೇವೆ. ಅದಿದ್ದರೆ ಚೆಂಡು ಒಂದೇ ಕೈಯಲ್ಲಿ ನಿಲ್ಲುತ್ತದೆ. ಆಟ ಮುಗಿದ ಮೇಲೆ ಎಷ್ಟು ಸೋಪು ಹಾಕಿ ಉಜ್ಜಿದರೂ ಹೋಗುವುದಿಲ್ಲ.

ನಮ್ಮ ತಂಡದ ಹುಡುಗಿಯರು ಅದಕ್ಕೆ ಯಾವುದೋ ಕ್ರೀಮ್ ಹಚ್ಚಿ, ಟಿಶ್ಯೂ ಪೇಪರ್ ಕೈಗೆ ಅಂಟಿಸಿಕೊಂಡು ಒದ್ದಾಡುತ್ತಿದ್ದರು. ಅದನ್ನು ಮೊದಲ ಸಲ ನೋಡಿದಾಗ ನನ್ನ ಗಂಡ ಸಂಪತ್ ನಕ್ಕುಬಿಟ್ಟ.

"ಅಯ್ಯೋ, ಇದು ಹಲಸಿನ ಮೇಣ ಕಣೇ ಸ್ಪಂದು! ಇದಕ್ಯಾಕೆ ಇಷ್ಟೊಂದು ಸರ್ಕಸ್ಸು?"

ಮುಂದಿನ ವಾರ ಅವನು ಕೊಬ್ಬರಿ ಎಣ್ಣೆ ಬಾಟಲಿ ತಂದ. ಐರ್ಲೆಂಡಿನ ಲೂಕನ್‌ನ ನಮ್ಮ ಮನೆಯಲ್ಲಿ ಕೊಬ್ಬರಿ ಎಣ್ಣೆ ವರ್ಷದ ಬಹುಪಾಲು ಮೇಣದಬತ್ತಿಯ ಹಾಗೆ ಬೆಳ್ಳಗೆ ಗಟ್ಟಿಯಾಗಿರುತ್ತದೆ. ಆದ್ದರಿಂದ ಆಟ ಶುರುವಾಗುವಾಗಲೇ ಅದನ್ನು ಜಾಕೆಟ್ಟಿನ ಒಳಜೇಬಿಗೆ ಹಾಕಿಕೊಂಡು, ಎದೆಗೆ ಒತ್ತಿಕೊಂಡು ಕೂರುತ್ತಿದ್ದ. ಕೊನೆಯ ಸೀಟಿ ಹೊಡೆಯುವ ಹೊತ್ತಿಗೆ ಎಣ್ಣೆ ಕರಗಿರುತ್ತಿತ್ತು.

"ಕ್ಯೂನಲ್ಲಿ ಬನ್ನಿ, ತೀರ್ಥ ಕೊಡ್ತೀನಿ," ಎನ್ನುತ್ತಿದ್ದ ಕನ್ನಡದಲ್ಲೇ. ಎಡಗೈ ಮೇಲೆ ಬಲಗೈ ಇಟ್ಟು, ಅಂಗೈ ಗುಳಿ ಮಾಡಿ ಹಿಡಿಯುವುದನ್ನು ಎಲ್ಲರಿಗೂ ಕಲಿಸಿದ್ದ. ನಮ್ಮ ಐರಿಷ್ ಹುಡುಗಿ ಈಫಾ ಒಂದು ಸಲ ಅದನ್ನು ತುಟಿಯ ತನಕ ಒಯ್ದಳು.

"ಕುಡಿಬೇಡ ಮಾರಾಯ್ತಿ! ತಲೆ ಮೇಲೆ ಸವರ್ಕೋ, ಸಾಕು."

ಅವಳು ನಿಜವಾಗಿಯೂ ತಲೆ ಮೇಲೆ ಸವರಿಕೊಂಡಳು.

*

ನಾನು ಮೈಸೂರಿನಲ್ಲಿ ಯೂನಿವರ್ಸಿಟಿ ತಂಡಕ್ಕೆ ಆಡಿದವಳು. ಎಡಚಿ. ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಬೈಗುಳ ತಿಂದ ಕೈ ಅದು. ಹ್ಯಾಂಡ್‌ಬಾಲಿನಲ್ಲಿ ಮಾತ್ರ ಎಡಚರಿಗೆ ಬೆಲೆ. ಬಲಗಡೆಯ ಮೂಲೆಯಿಂದ ಗೋಲಿಗೆ ಎಸೆಯಲು ಎಡಗೈಯೇ ಬೇಕು. ಏಳು ಮೀಟರ್ ಎಸೆತವೂ ನನ್ನದೇ. ಎದುರು ತಂಡ ತಪ್ಪು ಮಾಡಿದಾಗ ಏಳು ಮೀಟರ್ ದೂರದಿಂದ ಗೋಲಿಗೆ ಒಬ್ಬಳೇ ಎಸೆಯುವುದು, ಎದುರಿಗೆ ಗೋಲ್‌ಕೀಪರ್ ಒಬ್ಬಳೇ.

ಐರ್ಲೆಂಡಿನಲ್ಲಿ ಹ್ಯಾಂಡ್‌ಬಾಲ್ ಅಂದರೆ ಬೇರೆ ಆಟ. ಹಾಲ್ ಕೇಳಲು ಹೋದಾಗ ಅಲ್ಲಿನ ಮ್ಯಾನೇಜರ್, "ಗೋಡೆಗೆ ಚೆಂಡು ಹೊಡೆಯೋದು ತಾನೆ?" ಎಂದಿದ್ದ. ನಮ್ಮ ಕೋಚ್ ಮಾಗ್ದಾ ಪೋಲೆಂಡಿನವಳು. ಅವಳು ಅವನನ್ನೇ ಗೋಡೆಗೆ ಹೊಡೆಯುವವಳ ಹಾಗೆ ಮುಖ ಮಾಡಿದಳು. ಹಾಲ್‌ನವರು ಅಂಟು ಬಳಸಲು ಬಿಡುವುದಿಲ್ಲ, ನೆಲ ಹಾಳಾಗುತ್ತದೆ ಅಂತ. ಯೂರೋಪಿನ ಪಂದ್ಯಗಳಿಗೆ, ಅವಕ್ಕಾಗಿ ನಡೆಯುವ ಅಭ್ಯಾಸದ ಆಟಗಳಿಗೆ ಮಾತ್ರ ಬಿಟ್ಟರು. ಮುಗಿದ ಮೇಲೆ ನೆಲ ನೀವೇ ಒರೆಸಬೇಕು ಎಂಬ ಷರತ್ತಿನ ಮೇಲೆ.

ಈ ವರ್ಷ ನಾವು ಯೂರೋಪಿನ ಮಹಿಳಾ ಕ್ಲಬ್ ಕಪ್‌ಗೆ ಹೆಸರು ಕೊಟ್ಟಿದ್ದೆವು. ಪ್ರತಿ ಸುತ್ತಿನಲ್ಲಿ ಒಂದೇ ತಂಡದ ಜೊತೆ ಎರಡು ಪಂದ್ಯ, ಒಂದು ಅವರಲ್ಲಿ, ಒಂದು ನಮ್ಮಲ್ಲಿ. ಎರಡರ ಗೋಲು ಕೂಡಿಸಿ ನೋಡುತ್ತಾರೆ. ಅಕ್ಟೋಬರ್‌ನಲ್ಲಿ ಮೊದಲ ಸುತ್ತು ಒಂದು ಗೋಲಿನಿಂದ ಗೆದ್ದೆವು. ನಾವು ಗೆಲ್ಲುತ್ತೇವೆ ಎಂದು ನಮ್ಮಲ್ಲಿ ಯಾರೂ ಅಂದುಕೊಂಡಿರಲಿಲ್ಲ.

ಅವತ್ತು ಎಲ್ಲರೂ ಹೋದ ಮೇಲೆ ಸಂಪತ್ ಮಂಡಿಯೂರಿ ಕೂತು ನೆಲದ ಅಂಟು ಉಜ್ಜುತ್ತಿದ್ದ. ನಾನು ಇನ್ನೊಂದು ಕೊನೆಯಿಂದ ಉಜ್ಜುತ್ತಾ ಬಂದೆ. ನಡುಗೆರೆಯಲ್ಲಿ ಎದುರಾದೆವು.

"ಡಿಸೆಂಬರ್‌ದೂ ಗೆದ್ರೆ ಮುಂದಿನದು ಯಾವಾಗ?" ಎಂದ.

"ಫೆಬ್ರವರಿ."

"ಹಾಗಾದ್ರೆ ಫೆಬ್ರವರೀಲಿ ರಜಾ ಹಾಕ್ತೀನಿ. ಯಾವ ದೇಶ ಆದ್ರೂ ಸರಿ, ಬಾಟ್ಲಿ ಹಿಡ್ಕೊಂಡು ನಾನೂ ಬರೋನೇ."

ನವೆಂಬರಿನ ಒಂದು ಬೆಳಿಗ್ಗೆ ಅವನು ಆಫೀಸಿಗೆ ಹೊರಟು ಬಸ್ ಸ್ಟಾಪಿನಲ್ಲಿ ಕುಸಿದ. ಹೃದಯ ಎಂದರು. ಮೂವತ್ತನಾಲ್ಕು ವರ್ಷ.

*

ಮೈಸೂರಿಗೆ ಅವನ ಜೊತೆಯಲ್ಲೇ ಹೋದೆ. ವಿಮಾನದಲ್ಲಿ ಅವನು ಕೆಳಗೆ, ನಾನು ಮೇಲೆ. ಆ ದಿನಗಳ ಬಗ್ಗೆ ಬರೆಯಲು ನನಗೆ ಏನೂ ಇಲ್ಲ.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಟಿಕೆಟ್ ಮಾಡಿಸಿದೆ. ಅಡುಗೆಮನೆಯಲ್ಲಿ ಯಾರೋ ಹೇಳುತ್ತಿದ್ದುದು ಕೇಳಿಸಿತು. "ಗಂಡ ಹೋಗಿ ಇನ್ನೂ ತಿಂಗಳಾಗಿಲ್ಲ, ಚಡ್ಡಿ ಹಾಕ್ಕೊಂಡು ಆಟ ಆಡೋಕ್ ಹೋಗ್ತಾಳಂತೆ. ಓದಿದೋರು ಬಿಡಮ್ಮ, ಏನ್ ಹೇಳೋಕಾಗುತ್ತೆ."

ಅತ್ತೆಗೂ ಕೇಳಿಸಿತ್ತು. ಅವರು ನನ್ನ ಕೋಣೆಗೆ ಬಂದು ಬಾಗಿಲು ಹಾಕಿದರು.

"ಫೆಬ್ರವರಿ ಫೆಬ್ರವರಿ ಅಂತಿದ್ದ ಫೋನಲ್ಲಿ. ಏನದು?"

ಹೇಳಿದೆ. ಗೆದ್ದರೆ ಫೆಬ್ರವರಿ ತನಕ ಕಪ್‌ನಲ್ಲಿ ಇರುತ್ತೇವೆ, ಸೋತರೆ ಇಲ್ಲಿಗೇ ಮುಗಿಯಿತು ಎಂದೆ.

"ಹಾಗಾದ್ರೆ ಹೋಗು. ಗೆದ್ಬಿಡು," ಎಂದರು.

ನನಗೂ ಅಷ್ಟೇ ಬೇಕಿತ್ತು. ಅವನು ಶುರು ಮಾಡಿಟ್ಟು ಹೋದವುಗಳಲ್ಲಿ ಇನ್ನೂ ಮುಗಿಯದೆ ಉಳಿದಿದ್ದು ಅದೊಂದೇ. ಉಳಿದದ್ದನ್ನೆಲ್ಲ ಬ್ಯಾಂಕಿನವರು, ಆಫೀಸಿನವರು, ಪುರೋಹಿತರು ಒಂದೊಂದಾಗಿ ಮುಗಿಸುತ್ತಿದ್ದರು.

*

ನಾನು ಮೈಸೂರಿನಲ್ಲಿದ್ದಾಗಲೇ ಎರಡನೇ ಸುತ್ತಿನ ಮೊದಲ ಪಂದ್ಯ ಲಕ್ಸೆಂಬರ್ಗ್‌ನಲ್ಲಿ ನಡೆಯಿತು. ನಮ್ಮವರು ಮೂರು ಗೋಲಿನಿಂದ ಸೋತಿದ್ದರು. ಈಗ ನಮ್ಮ ಹಾಲಿನಲ್ಲಿ ನಾಲ್ಕು ಗೋಲಿನಿಂದ ಗೆಲ್ಲಬೇಕು. ಮೂರರಿಂದ ಗೆದ್ದರೆ ಸಮ. ಆಗ ಎರಡೂ ಕಡೆಯವರು ಸರದಿಯಂತೆ ಏಳು ಮೀಟರ್ ಎಸೆತ ಎಸೆದು ತೀರ್ಮಾನ.

ಪಂದ್ಯದ ಬೆಳಿಗ್ಗೆ ಜಯಶೀಲಾ ಆಂಟಿ ಬಂದರು. ನಮ್ಮದೂ ಅವರದೂ ಒಂದೇ ಗೋಡೆಯ ಜೋಡಿ ಮನೆ. ನಾನು ವಾಪಸ್ ಬಂದಾಗಿನಿಂದ ನಮ್ಮ ಕಡೆ ಟ್ಯಾಪಿನ ಸದ್ದು ಕೇಳಿಸದಿದ್ದರೆ ಅವರು ಬಂದು ಬೆಲ್ ಮಾಡುತ್ತಿದ್ದರು. ಕೈಯಲ್ಲಿ ಅವಲಕ್ಕಿ ಒಗ್ಗರಣೆಯ ಡಬ್ಬಿ.

"ಏನೇ ಇದು ತಲೆ? ಕಾಗೆ ಗೂಡು ಕಟ್ಟೋ ಹಾಗಿದೆ. ಎಣ್ಣೆ ಕಂಡು ಎಷ್ಟು ದಿನ ಆಯ್ತು?"

"ಗೊತ್ತಿಲ್ಲ ಆಂಟಿ."

"ಕೂತ್ಕೋ ಇಲ್ಲಿ. ಹಿಂಗೇ ಹೋಗ್ತೀಯಾ ಪಂದ್ಯಕ್ಕೆ? ಆ ಲಕ್ಸೆಂಬರ್ಗ್ ಹುಡ್ಗೀರು ಹೆದರ್ಕೊಂಡ್ ಓಡೋಗ್ತಾರೆ. ಓಡೋದ್ರೆ ಒಳ್ಳೇದೇ ಬಿಡು."

ಸೌಟಿನಲ್ಲಿ ಕೊಬ್ಬರಿ ಎಣ್ಣೆ ಬಿಸಿ ಮಾಡಿಕೊಂಡು ಬಂದರು. ನಾನು ಕೆಳಗೆ ಕೂತೆ, ಅವರು ಸೋಫಾದ ಮೇಲೆ. ನೆತ್ತಿಗೆ ಹಾಕಿ ತಟ್ಟಿದರು. ಬೆರಳಿನ ತುದಿಯಿಂದ ಕಿವಿಯ ಹಿಂದೆ, ಕತ್ತಿನ ತನಕ. ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಮೈಸೂರಿನಲ್ಲಿ ಎಲ್ಲರೂ ನನ್ನನ್ನು ತಬ್ಬಿಕೊಂಡಿದ್ದರು. ಅದು ಅವರು ಅಳುವುದಕ್ಕೆ. ಇವರು ಅಳುತ್ತಿರಲಿಲ್ಲ. ಗಂಟು ಬಿಡಿಸುತ್ತಾ, ಡನ್‌ಡಾಕ್‌ನಲ್ಲಿ ಓದುತ್ತಿರುವ ಮಗಳು ಮಾನ್ಯಾ ತಲೆಗೆ ನೀಲಿ ಬಣ್ಣ ಹಾಕಿಸಿಕೊಂಡು ಬಂದಿದ್ದಕ್ಕೆ ಬೈಯುತ್ತಿದ್ದರು.

"ಏನೇ ಇದು ಅಂದ್ರೆ, 'ಇಟ್ಸ್ ಗ್ರ್ಯಾಂಡ್, ಮಾಮ್' ಅಂತಾಳೆ. ಗ್ರ್ಯಾಂಡಂತೆ!"

ನನ್ನ ಕಣ್ಣು ಮುಚ್ಚಿಕೊಂಡವು. ಆ ತಿಂಗಳಲ್ಲಿ ಮೊದಲ ಸಲ ನಿದ್ದೆ ಬರುವ ಹಾಗಾಯಿತು. ಬಿಗಿಯಾಗಿ ಜಡೆ ಹಾಕಿ, "ಈಗ ಹೋಗಿ ಗೆದ್ದು ಬಾ," ಎಂದರು.

*

ಮಧ್ಯಾಹ್ನ ಎರಡಕ್ಕೆ ಆಟ ಶುರುವಾಯಿತು. ನಾನು ಕೈಯನ್ನು ಸೋಪು ಹಾಕಿ ಚೆನ್ನಾಗಿ ತೊಳೆದು ಅಂಟು ಹಚ್ಚಿಕೊಂಡೆ. ಚೆಂಡು ಕೈಯಲ್ಲಿ ನಿಂತಿತು. ಮೊದಲರ್ಧದಲ್ಲಿ ಐದು ಗೋಲು ಹಾಕಿದೆ. ಯೋಚನೆ ಮಾಡದೆ ಆಡಿದೆ. ಇತ್ತೀಚೆಗೆ ನನಗೆ ಅದು ಸುಲಭ.

ಎರಡನೇ ಅರ್ಧದಲ್ಲಿ ಒಂದು ಹೊತ್ತು ನಾಲ್ಕು ಗೋಲು ಮುಂದಿದ್ದೆವು. ಆಂಟಿ ಮೇಲಿನ ಬೆಂಚಿನಿಂದ, "ಹಾಕೇ! ಹಾಕೇ!" ಎಂದು ಕೂಗುತ್ತಿದ್ದರು. ಆಮೇಲೆ ಎದುರು ತಂಡದವರು ಎರಡು ಹಾಕಿದರು. ಗಡಿಯಾರ ನಿಲ್ಲುವ ಹೊತ್ತಿಗೆ ನಾವು ಎರಡೇ ಗೋಲು ಮುಂದೆ. ಆದರೆ ಆ ಕೊನೆಯ ಗಳಿಗೆಯಲ್ಲಿ ಗೋಲಿನ ಎದುರು ಈಫಾಳನ್ನು ಹಿಂದಿನಿಂದ ಎಳೆದು ಬೀಳಿಸಿದರು. ರೆಫರಿ ಏಳು ಮೀಟರ್ ಗೆರೆ ತೋರಿಸಿದ. ಸಮಯ ಮುಗಿದಿತ್ತು, ಆ ಎಸೆತ ಒಂದೇ ಬಾಕಿ. ಹಾಕಿದರೆ ಸಮ, ಮತ್ತೆ ಅವಕಾಶ. ತಪ್ಪಿದರೆ ಅಲ್ಲಿಗೆ ಮುಗಿಯಿತು.

ಈಫಾ ಮಂಡಿ ಉಜ್ಜಿಕೊಳ್ಳುತ್ತಾ ಎದ್ದು ಬಂದು ಚೆಂಡು ಕೊಟ್ಟಳು. "ಹಾಕು. ನಂಗೆ ಫೆಬ್ರವರೀಲಿ ಬಿಸಿಲಿರೋ ದೇಶಕ್ಕೆ ಹೋಗ್ಬೇಕು," ಎಂದಳು.

ಬೂಟಿನ ಹಿಂಬದಿಯಿಂದ ಅಂಟು ತೆಗೆದುಕೊಂಡೆ. ಗೆರೆಯ ಹಿಂದೆ ಬಲಗಾಲು ಊರಿದೆ. ಗೋಲ್‌ಕೀಪರ್ ಎರಡು ಕೈ ಅಗಲಿಸಿ ನಿಂತಳು. ರೆಫರಿ ಯಾರನ್ನೋ ಹಿಂದೆ ಸರಿಯಲು ಹೇಳುತ್ತಿದ್ದ. ಹಣೆಯಿಂದ ಬೆವರು ಇಳಿದು ಕಣ್ಣಿಗೆ ಬಂತು. ಉರಿಯಿತು. ಚೆಂಡನ್ನು ಬಲಗೈಗೆ ಬದಲಾಯಿಸಿ, ಎಡಗೈಯಿಂದ ಹಣೆ ಒರೆಸಿ, ಜಡೆಯಿಂದ ಬಿಡಿಸಿಕೊಂಡಿದ್ದ ಕೂದಲನ್ನು ಕಿವಿಯ ಹಿಂದಕ್ಕೆ ತಳ್ಳಿದೆ. ಚಿಕ್ಕಂದಿನಿಂದ ಇರುವ ಅಭ್ಯಾಸ.

ಸೀಟಿ ಹೊಡೆಯಿತು.

ಕೈ ಎತ್ತಿದ ಕ್ಷಣವೇ ಗೊತ್ತಾಯಿತು. ಹಲಸಿನ ಹಣ್ಣು ಬಿಡಿಸುವ ಮುಂಚೆ ಮನೆಯಲ್ಲಿ ಎಲ್ಲರೂ ಅಂಗೈಗೆ ಎಣ್ಣೆ ಸವರಿಕೊಳ್ಳುತ್ತಿದ್ದೆವು, ಮೇಣ ಹಿಡಿಯದಿರಲಿ ಅಂತ. ತಲೆಯ ಎಣ್ಣೆ ತಗುಲಿ ನನ್ನ ಕೈಯೂ ಈಗ ಹಾಗೇ ಆಗಿತ್ತು. ಚೆಂಡು ಬೆರಳುಗಳ ನಡುವೆ ತಿರುಗಿತು. ಮೂರೇ ಸೆಕೆಂಡು ಕೊಡುತ್ತಾರೆ. ಎಸೆದೆ. ಅದು ಎಸೆತವಾಗಿರಲಿಲ್ಲ. ನೆಲಕ್ಕೆ ಬಿದ್ದು, ಪುಟಿದು, ಗೋಲ್‌ಕೀಪರ್ ಕಾಲಿನ ಹತ್ತಿರ ಹೋಯಿತು. ಅವಳು ನಂಬದವಳ ಹಾಗೆ ನೋಡಿ, ಬಗ್ಗಿ ಎತ್ತಿಕೊಂಡಳು. ಆಮೇಲೆ ಕಿರುಚಿದಳು.

ಅವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು. ನಾನು ಗೆರೆಯ ಹತ್ತಿರವೇ ನಿಂತಿದ್ದೆ.

ಮಾಗ್ದಾ ಬಂದಳು. ದಾರಿಯಲ್ಲಿ ಚೆಂಡು ಎತ್ತಿಕೊಂಡಳು. ಅದನ್ನು ಹೆಬ್ಬೆರಳಿನಿಂದ ಒಮ್ಮೆ ಉಜ್ಜಿ, ಮೂಗಿನ ಹತ್ತಿರ ಹಿಡಿದಳು. ನನ್ನ ಜಡೆ ನೋಡಿದಳು. ತಲೆಯೆತ್ತಿ, ಮೇಲಿನ ಬೆಂಚಿನಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದ ಆಂಟಿಯನ್ನು ನೋಡಿದಳು.

"ಯಾರಿಗೂ ಹೇಳ್ಬೇಡ," ಎಂದೆ.

ಅವಳು ಚೆಂಡನ್ನು ತನ್ನ ಅಂಗಿಗೆ ಒರೆಸಿ ಚೀಲಕ್ಕೆ ಹಾಕಿದಳು.

*

"ಬೇಗ ನೆಲ ಕ್ಲೀನ್ ಮಾಡಿ, ಆರು ಗಂಟೆಗೆ ಬ್ಯಾಡ್ಮಿಂಟನ್‌ನವರು ಬರ್ತಾರೆ," ಎಂದು ಮ್ಯಾನೇಜರ್ ಹೇಳಿ ಹೋದ. ಡಿಸೆಂಬರ್, ನಾಲ್ಕಕ್ಕೇ ಕಿಟಕಿಯ ಆಚೆ ಕತ್ತಲಾಗುತ್ತಿತ್ತು.

ಹುಡುಗಿಯರು ಬೆಂಚಿನ ಮೇಲೆ ಕೂತಿದ್ದರು. ಬೆರಳುಗಳನ್ನು ಒಂದಕ್ಕೊಂದು ತಾಗದ ಹಾಗೆ ಅಗಲಿಸಿಕೊಂಡಿದ್ದರು. ಬೆಂಚಿನ ಆ ಕೊನೆಯ ಕಡೆಗೆ ಒಬ್ಬೊಬ್ಬರೇ ನೋಡಿದರು. ಸಂಪತ್ ನಿಲ್ಲುತ್ತಿದ್ದ ಜಾಗ.

ನಾನು ನನ್ನ ಚೀಲದಿಂದ ಬಾಟಲಿ ತೆಗೆದೆ. ತರುವುದನ್ನು ಮರೆತಿರಲಿಲ್ಲ. ಬೆಚ್ಚಗಿಡಬೇಕು ಎನ್ನುವುದನ್ನು ಮರೆತಿದ್ದೆ. ತಲೆಕೆಳಗು ಮಾಡಿದರೆ ಒಂದು ಹನಿಯೂ ಇಳಿಯಲಿಲ್ಲ.

"ಕೊಡು, ಬಿಸಿನೀರಲ್ಲಿ ಇಟ್ಕೊಂಡ್ ಬರ್ತೀನಿ," ಎಂದರು ಕೆಳಗೆ ಇಳಿದು ಬಂದಿದ್ದ ಆಂಟಿ.

"ಬೇಡ ಆಂಟಿ."

ಜಾಕೆಟ್ ಹಾಕಿಕೊಂಡು, ಬಾಟಲಿಯನ್ನು ಒಳಗೆ ಎದೆಗೆ ಒತ್ತಿಕೊಂಡು ಕೂತೆ. ತಣ್ಣಗಿತ್ತು. ಅಂಟು ಕೈಯಲ್ಲೇ ಎಲ್ಲರೂ ಕಾದರು. ಮಾಗ್ದಾ ನೆಲ ಒರೆಸುವ ಕೋಲು ತಂದು, ಅದನ್ನು ಗೋಡೆಗೆ ಒರಗಿಸಿ, ತಾನೂ ಕೂತಳು. ಒಬ್ಬರೂ ಎದ್ದು ಹೋಗಲಿಲ್ಲ. ಅವನು ಇಡೀ ಆಟ ಈ ತಣ್ಣನೆಯದನ್ನು ಎದೆಗೆ ಇಟ್ಟುಕೊಂಡು ಕೂಗುತ್ತಿದ್ದ. ನನಗೆ ಅದು ಇಷ್ಟು ತಣ್ಣಗಿರುತ್ತದೆ ಎಂದು ಗೊತ್ತಿರಲಿಲ್ಲ.

ಕೊನೆಗೆ ಒಳಗೆ ಏನೋ ಅಲುಗಿತು. ಅಂಚಿನಲ್ಲಿ ಕರಗಿ, ನಡುವಿನ ಬಿಳಿ ಗಟ್ಟಿ ತೇಲಾಡುತ್ತಿತ್ತು.

ಎದ್ದು ನಿಂತೆ. ಅವರೂ ಎದ್ದರು. ಸಾಲಾಗಿ ಬಂದರು. ಎಡಗೈ ಮೇಲೆ ಬಲಗೈ, ಅಂಗೈ ಗುಳಿ ಮಾಡಿ. ಒಬ್ಬೊಬ್ಬರಿಗೂ ಹಾಕಿದೆ. ಈಫಾ ಅಳುತ್ತಿದ್ದಳು. ಎಣ್ಣೆಯ ಕೈಯನ್ನು ತಲೆ ಮೇಲೆ ಸವರಿಕೊಂಡು ಮುಂದೆ ಹೋದಳು.

ಎಲ್ಲರದೂ ಆದ ಮೇಲೆ ಆಂಟಿ ನನ್ನ ಕೈಯಿಂದ ಬಾಟಲಿ ತೆಗೆದುಕೊಂಡರು.

"ಕೊನೇಲಿ ಏನಾಯ್ತೇ? ಅಷ್ಟು ಚೆನ್ನಾಗಿ ಹಾಕ್ತಿದ್ದೆ."

"ಸುಸ್ತಾಗಿತ್ತು ಆಂಟಿ."

"ಆಗ್ದೆ ಇರುತ್ತಾ. ಒಂದು ತುತ್ತು ನೆಟ್ಟಗೆ ತಿಂದಿಲ್ಲ ನೀನು." ನನ್ನ ಜಡೆಯನ್ನು ಬೆನ್ನ ಮೇಲೆ ಸರಿಮಾಡಿದರು. "ಸದ್ಯ, ತಲೆಗಾದ್ರೂ ಎಣ್ಣೆ ಬಿತ್ತಲ್ಲ ಇವತ್ತು. ತಂಪಾಯ್ತಾ?"

"ಹೂಂ. ತುಂಬಾ ತಂಪಾಯ್ತು."

"ಕೈ ಕೊಡು."

ಬಲಗೈ ಕೊಟ್ಟೆ. ಹಾಕಿದರು. ಬೆಚ್ಚಗಿತ್ತು.

"ಎಡಗೈ?"

"ಅದು ಇರಲಿ."

ಅವರು ನನ್ನ ಮುಖ ನೋಡಿದರು. ಬಾಟಲಿಯ ಮುಚ್ಚಳ ಹಾಕಿದರು.

ನೆಲ ಒರೆಸಿದೆವು. ಈ ಸಲ ಆ ಕೊನೆಯಿಂದ ಮಾಗ್ದಾ ಬಂದಳು. ನಡುಗೆರೆಯಲ್ಲಿ ಎದುರಾದೆವು. ಬ್ಯಾಡ್ಮಿಂಟನ್‌ನವರು ಬಲೆ ಕಟ್ಟಲು ಬಂದಿದ್ದರು.

ಆಂಟಿಯೇ ಕಾರು ಓಡಿಸಿದರು. ಮನೆಯ ಮುಂದೆ ಇಳಿದಾಗ ಫೋನು ಹೊಡೆದುಕೊಳ್ಳುತ್ತಿತ್ತು. ಅತ್ತೆ. ಮೈಸೂರಿನಲ್ಲಿ ಮಲಗುವ ಹೊತ್ತು ಮೀರಿತ್ತು, ಎದ್ದು ಕೂತಿದ್ದರು.

"ಏನಾಯ್ತಮ್ಮ?"

"ಮುಗೀತು ಅತ್ತೆ."

ಅವರು ಫೋನು ಇಡಲಿಲ್ಲ. ನಾನೂ ಇಡಲಿಲ್ಲ. ಎಡಗೈಯಿಂದ ಬಾಗಿಲಿನ ಹಿಡಿ ಹಿಡಿದು ತೆರೆದೆ. ಒಳಗೆ ಹೋಗಬೇಕೆಂದು ಕೈ ಎಳೆದುಕೊಂಡರೆ ಅಂಗೈಯಲ್ಲಿ ಉಳಿದಿದ್ದ ಅಂಟು ತಕ್ಷಣ ಬಿಡಲಿಲ್ಲ.