ಕ್ಲೋಸಪ್ಪಿನಲ್ಲಿ ಅಮ್ಮ

ಅಮ್ಮ ಜೀವಮಾನದಲ್ಲಿ ಒಂದೇ ಒಂದು ಸಲ ಮನಸ್ಸು ಬಿಚ್ಚಿ ಮಾತಾಡಿದಳು. ಅದನ್ನು ವಿಶ್ವವಿದ್ಯಾಲಯದವರು ನಮ್ಮ ಮನೆಗೇ ಬಂದು, ದೀಪಗಳನ್ನು ನಿಲ್ಲಿಸಿ, ದುಬಾರಿ ಕ್ಯಾಮೆರಾದಲ್ಲಿ ಚಿತ್ರೀಕರಿಸಿಕೊಂಡು ಹೋದರು. ಚಿತ್ರ ಬಹಳ ಚೆನ್ನಾಗಿ ಬಂದಿದೆ. ಅಮ್ಮನ ಮೂಗಿನ ಪಕ್ಕದ ಸಣ್ಣ ಮಚ್ಚೆಯೂ ಕಾಣಿಸುತ್ತದೆ. ಕೈ ಮಾತ್ರ ಇಲ್ಲ. ಅಮ್ಮ ಕಿವುಡಿ, ಅವಳು ಮಾತಾಡುತ್ತಿದ್ದದ್ದು ಕೈಯಲ್ಲಿ.

ಇದನ್ನು ಹೇಳಿದರೆ ಜನ ಮೊದಲು ನಗುತ್ತಾರೆ, ಆಮೇಲೆ ನನ್ನ ಮುಖ ನೋಡಿ 'ಛೆ' ಅನ್ನುತ್ತಾರೆ. ಅದಕ್ಕೇ ಮೊದಲಿನಿಂದ ಹೇಳಿಬಿಡುವುದು ಒಳ್ಳೆಯದು.

ಅಮ್ಮನನ್ನು ಮಾತಾಡಿಸಲು ಬಂದವರು ಕಿವುಡರ ಇತಿಹಾಸ ಬರೆಯುವ ಪ್ರೊಫೆಸರ್. ಅವರೂ ಕಿವುಡರೇ. ಕಿವುಡರಲ್ಲಿ ಎಲ್ಲರಿಗೂ ಒಂದು ಸನ್ನೆಯ ಹೆಸರಿರುತ್ತದೆ. ಅದನ್ನು ನಮಗೆ ನಾವೇ ಇಟ್ಟುಕೊಳ್ಳುವಂತಿಲ್ಲ, ಬೇರೆಯವರು ಇಡಬೇಕು, ಒಮ್ಮೆ ಇಟ್ಟರೆ ಸಾಯುವ ತನಕ ಅದೇ. ಈ ಪ್ರೊಫೆಸರ್ ಮೊದಲ ಸಲ ಕಿವುಡರ ಸಂಘಕ್ಕೆ ಬಂದದ್ದು ಹಳೆಯ ಕಡತಗಳ ಗೋದಾಮಿನಿಂದ ನೇರವಾಗಿ, ಭುಜದ ತುಂಬ ಧೂಳು ಹೊತ್ತುಕೊಂಡು. ಅಲ್ಲಿದ್ದ ಹೆಂಗಸರು ಎರಡು ಬೆರಳಿನಿಂದ ಭುಜ ಕೊಡವಿ ತೋರಿಸಿ ಹೆಸರಿಟ್ಟೇಬಿಟ್ಟರು. ಅಷ್ಟು ಓದಿ, ಅಷ್ಟು ಬರೆದು, ಕೊನೆಗೆ ಅವರು ಧೂಳು ಮೇಡಂ ಆದರು.

ಅವರಿಗೆ ಬೇಕಾಗಿದ್ದದ್ದು ಅಮ್ಮ ಓದಿದ ಶಾಲೆಯ ಕಥೆ. ಆ ಶಾಲೆ ಮುಚ್ಚಿ ಎಷ್ಟೋ ಕಾಲವಾಗಿದೆ. ಅಲ್ಲಿ ಕೈ ಎತ್ತಿ ಮಾತಾಡುವುದು ಅಪರಾಧ. ಮಕ್ಕಳು ತಮಗೇ ಕೇಳಿಸದ ದನಿಯನ್ನು ಗಂಟಲಿನಿಂದ ಎಳೆದು ತೆಗೆದು, ಬಂದ ಅತಿಥಿಗಳಿಗೆಲ್ಲ ಸ್ವಾಗತ ಹೇಳಬೇಕಿತ್ತು. ಅತಿಥಿಗಳಿಗೆ ಅದು ಅರ್ಥವಾಗುತ್ತಿರಲಿಲ್ಲ, ಆದರೂ ಚಪ್ಪಾಳೆ ತಟ್ಟುತ್ತಿದ್ದರು. ಚಪ್ಪಾಳೆ ಮಕ್ಕಳಿಗೆ ಕೇಳಿಸುತ್ತಿರಲಿಲ್ಲ. ಹೀಗೆ ಎರಡೂ ಕಡೆಯವರಿಗೆ ಏನೂ ತಿಳಿಯದೆ ಕಾರ್ಯಕ್ರಮ ಸುಸೂತ್ರವಾಗಿ ಮುಗಿಯುತ್ತಿತ್ತಂತೆ. ಯಾರಾದರೂ ಸನ್ನೆ ಮಾಡಿ ಸಿಕ್ಕಿಬಿದ್ದರೆ ಬೆರಳಿನ ಗೆಣ್ಣಿಗೆ ಏಟು.

ಹಾಗಾಗಿ ಹಾಸ್ಟೆಲಿನಲ್ಲಿ ಬೇರೆಯದೇ ಸನ್ನೆ ಹುಟ್ಟಿಕೊಂಡಿತು. ಮೇಜಿನ ಕೆಳಗೆ, ಕಂಬಳಿಯೊಳಗೆ, ಮಡಿಲ ಮೇಲೆ ಬೆರಳುಗಳಷ್ಟೇ ಆಡುವ ಸನ್ನೆ. ಅದಕ್ಕೆ 'ಮಡಿಲ ಸನ್ನೆ' ಎಂದೇ ಹೆಸರು. ಆ ಶಾಲೆಯವರನ್ನು ಬಿಟ್ಟು ಇನ್ನಾರಿಗೂ ಅದು ಬರುವುದಿಲ್ಲ. ಧೂಳು ಮೇಡಂ ಓದಿದ್ದು ಬೇರೆ ಕಡೆ, ಅವರಿಗೆ ಅರ್ಧಂಬರ್ಧ. ನನಗೆ ಅದೂ ಇಲ್ಲ. ಅಮ್ಮ ಮನೆಯಲ್ಲಿ ಎಲ್ಲರ ಹಾಗೆ ಎದೆಯ ಎತ್ತರದಲ್ಲೇ ಮಾತಾಡುತ್ತಿದ್ದಳು. ಮನಸ್ಸು ಕದಡಿದಾಗ ಮಾತ್ರ ಅವಳ ಕೈ ತಾನಾಗಿ ಮಡಿಲಿಗೆ ಇಳಿಯುತ್ತಿತ್ತು. ಆಗ ನಾನು ಅಲ್ಲಿಂದ ಎದ್ದು ಹೋಗುತ್ತಿದ್ದೆ.

ಮೇಡಂ ಮೊದಲೇ ಕಳಿಸಿದ್ದ ಪ್ರಶ್ನೆಗಳಲ್ಲಿ ಒಂದು ಹೀಗಿತ್ತು: 'ಹುಟ್ಟಿದ ಮಗುವಿಗೆ ಕಿವಿ ಕೇಳಿಸುತ್ತದೆಂದು ಗೊತ್ತಾದಾಗ ನಿಮಗೆ ಏನನ್ನಿಸಿತು?'

ಆ ಮಗು ನಾನು. ಈ ಪ್ರಶ್ನೆಯನ್ನು ನಾನೇ ಕೇಳಬೇಕೆಂದು ಬುದ್ಧಿ ಬಂದಾಗಿನಿಂದ ಕಾದವಳು, ಕೇಳುವ ಧೈರ್ಯ ಬಂದಿರಲಿಲ್ಲ. ಅಪ್ಪನೂ ಕಿವುಡ, ಮನೆಗೆ ಬರುವವರೆಲ್ಲ ಕಿವುಡರು. ಸಂಘದಲ್ಲಿ ಯಾರಿಗಾದರೂ ಕಿವುಡ ಮಗು ಹುಟ್ಟಿದರೆ ಸಿಹಿ ಹಂಚುತ್ತಿದ್ದರು. ನಾನು ಹುಟ್ಟಿದಾಗ ಹಂಚಿದ್ದು ಯಾರಿಗೂ ನೆನಪಿಲ್ಲ. ಹಲ್ಲು ಬೀಳುವ ವಯಸ್ಸಿಗೇ ನಾನು ಬ್ಯಾಂಕಿನಲ್ಲಿ, ಡಾಕ್ಟರ ಹತ್ತಿರ, ಮನೆ ಮಾಲೀಕನ ಎದುರು ಅಮ್ಮನ ಪರವಾಗಿ ಮಾತಾಡಲು ನಿಂತೆ. ಈಗ ಅದೇ ಕೆಲಸವನ್ನು ಕೋರ್ಟಿನಲ್ಲಿ ಸಂಬಳಕ್ಕೆ ಮಾಡುತ್ತೇನೆ. ಆ ಮನೆಯಲ್ಲಿ ನಾನು ಮಗಳಾಗಿದ್ದೆನೋ ಟೆಲಿಫೋನಾಗಿದ್ದೆನೋ ಎಂಬುದು ಮಾತ್ರ ಇತ್ಯರ್ಥವಾಗದೆ ಉಳಿದುಬಿಟ್ಟಿತ್ತು.

ಚಿತ್ರೀಕರಣದ ದಿನ ಆ ಪ್ರಶ್ನೆ ಬರುವ ಹೊತ್ತಿಗೆ ಅಮ್ಮ ನನ್ನನ್ನು ಮಾತ್ರೆ ತರಲು ಅಂಗಡಿಗೆ ಅಟ್ಟಿದಳು. ಮಾತ್ರೆ ಡಬ್ಬಿ ತುಂಬಿತ್ತು. ನಾನು ವಾಪಸ್ ಬಂದಾಗ ಕ್ಯಾಮೆರಾದವನು ವೈರು ಸುತ್ತುತ್ತಿದ್ದ.

"ಏನು ಹೇಳಿದೆ?" ಅಂದೆ.

"ಕಂಬಳಿ ಮಡಿಸೋದು ಹೇಗೆ ಅಂತ ಹೇಳ್ಕೊಟ್ಟೆ," ಅಂದಳು ಅಮ್ಮ. "ಪಾಪ, ಅವಳಿಗೆ ಅದೂ ಬರಲ್ಲ."

ಅರ್ಥವಾಗದ್ದನ್ನೆಲ್ಲ ಇನ್ನೊಮ್ಮೆ ಬಂದು, ಚಿತ್ರ ಮುಂದಿಟ್ಟುಕೊಂಡು, ಅಮ್ಮನನ್ನೇ ಕೇಳಿ ಬರೆದುಕೊಳ್ಳುವುದೆಂದು ಮೇಡಂ ಲೆಕ್ಕ ಹಾಕಿದ್ದರು. ಅಷ್ಟರಲ್ಲಿ ಅಮ್ಮ ಹೋಗಿಬಿಟ್ಟಳು. ಬೆಳಿಗ್ಗೆ ಎದ್ದವಳು ಹಲ್ಲುಜ್ಜಿ, ತಲೆ ಬಾಚಿ, ಕುರ್ಚಿಯಲ್ಲಿ ಕೂತು, ಅಲ್ಲೇ ಹೋದಳು. ಯಾವುದನ್ನೂ ಅರ್ಧಕ್ಕೆ ಬಿಡುವ ಹೆಂಗಸಲ್ಲ.

ಹದಿನೈದು ದಿನ ಕಳೆದ ಮೇಲೆ ಮೇಡಂ ಮೊದಲ ಬಾರಿಗೆ ಚಿತ್ರ ಹಾಕಿ ನೋಡಿದರು. ನೋಡಿದವರೇ ಕ್ಯಾಮೆರಾದವನನ್ನು ಕರೆಸಿದರು. ಅವನಿಗೆ ಸನ್ನೆ ಬಾರದ್ದರಿಂದ ನಡುವೆ ನಿಲ್ಲಲು ನನ್ನನ್ನೂ ಕರೆಸಿದರು.

ಕ್ಯಾಮೆರಾದವನು ಮದುವೆ, ಸಭೆ, ಸಂದರ್ಶನ ಎಲ್ಲದರಲ್ಲೂ ಪಳಗಿದ ಕೈ. ಒಳ್ಳೆಯ ಮನುಷ್ಯ. "ಮಾತಾಡೋರ ಕಣ್ಣು ತುಂಬ್ಕೊಂಡ್ರೆ ಮೆಲ್ಲಗೆ ಮುಖಕ್ಕೆ ಹೋಗ್ಬೇಕು ಮೇಡಂ," ಅಂದ. "ನಮ್ಮ ಕೆಲಸದಲ್ಲಿ ಮೊದಲು ಕಲಿಸೋದೇ ಅದು. ಮುಖದಲ್ಲೇ ಎಲ್ಲಾ ಇರೋದು."

ನಾನು ಅದನ್ನು ಮೇಡಂಗೆ ಸನ್ನೆಯಲ್ಲಿ ಹೇಳಿದೆ. ಅವರು ಉತ್ತರಿಸಿದರು. ದುಭಾಷಿಯಾದವಳು ಆಡಿದ ಮಾತಿನಲ್ಲಿ ಒಂದನ್ನೂ ಬಿಡುವಂತಿಲ್ಲ, ಅದು ನಮ್ಮ ಕೆಲಸದಲ್ಲಿ ಮೊದಲು ಕಲಿಸುವುದು. ನಾನು ಬಿಡಲಿಲ್ಲ. ಕ್ಯಾಮೆರಾದವನ ಕಿವಿ ಕೆಂಪಾಯಿತು.

ಆದ ಅನಾಹುತವೆಂದರೆ ಇಷ್ಟೇ. ಅಮ್ಮ ಆರಾಮಾಗಿ ಹೇಳಿದ್ದೆಲ್ಲ ಪೂರ್ತಿ ದಾಖಲಾಗಿದೆ, ಬೆರಳ ತುದಿಯ ಸಮೇತ. ಹಾಸ್ಟೆಲಿನಲ್ಲಿ ಕಂಬಳಿ ಮಡಿಸುವ ಕ್ರಮ ಮುಂದಿನ ಪೀಳಿಗೆಗಳಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ಸ್ನಾನದ ಸರದಿ, ಬಕೆಟ್ಟಿನ ಬಣ್ಣ, ವಾರ್ಡನ್ನಿನ ನಡಿಗೆ ಎಲ್ಲ ಇದೆ. ಅವಳ ಕಣ್ಣು ತುಂಬಿದ್ದೇ ತಡ, ಕ್ಯಾಮೆರಾ ಮೆಲ್ಲಗೆ ಮುಖಕ್ಕೆ ಹೋಗಿದೆ. ಕೈ ಮಡಿಲಿಗೆ ಇಳಿಯುತ್ತಿದ್ದದ್ದೂ ಆಗಲೇ. ಹೇಳುವ ವಿಷಯ ದೊಡ್ಡದಾದಷ್ಟೂ ಮುಖ ದೊಡ್ಡದಾಗಿದೆ, ಮಾತು ಹೊರಗುಳಿದಿದೆ.

"ಎದುರಿಗೇ ಕೂತಿದ್ರಲ್ಲ ಮೇಡಂ, ನೀವು ನೋಡಿದ್ದೇನು?" ಅಂದೆ. ನನ್ನ ಕೈ ಸ್ವಲ್ಪ ಒರಟಾಗಿಯೇ ಆಡಿತೆಂದು ಕಾಣುತ್ತದೆ.

"ಆ ಪ್ರಶ್ನೆಗೆ ಅವರು ಮಡಿಲ ಸನ್ನೆಗೆ ಇಳಿದ್ರು," ಅಂದರು ಮೇಡಂ. "ನಡುವೆ ತಡೆದ್ರೆ ನಿಲ್ಲಿಸ್ಬಿಡ್ತಾರೆ ಅಂತ ತಲೆ ಆಡಿಸ್ತಾ ಕೂತೆ. ಮೇಜಿನ ಮೇಲೆ ನೀರಿನ ಲೋಟದ ಸ್ಟೀಲ್ ಮುಚ್ಚಳ ಇತ್ತು. ಅದನ್ನ ಎತ್ತಿ ಎತ್ತಿ ಮೇಜಿಗೆ ಹಾಕ್ತಿದ್ರು. ಬರ್ತಾ ಬರ್ತಾ ಕೈ ನಿಧಾನ ಆಯ್ತು. ಸುಸ್ತಾದ್ರು ಅನ್ಕೊಂಡೆ."

ಕೊನೆಗೆ ಮೇಡಂ ಅಮ್ಮನ ಹಾಸ್ಟೆಲಿನ ಇಬ್ಬರು ಗೆಳತಿಯರನ್ನು ವಿಶ್ವವಿದ್ಯಾಲಯಕ್ಕೆ ಕರೆತಂದರು, ಬರೀ ಮುಖ ನೋಡಿ ಏನಾದರೂ ಗುರುತಿಸಿಯಾರೇ ಎಂದು. ಒಬ್ಬಳು ಜಡೆ ಚಿಕ್ಕಮ್ಮ. ಅವಳ ಸನ್ನೆಯ ಹೆಸರು ಮೊಣಕಾಲು ಮುಟ್ಟುವ ಜಡೆ, ಈಗ ತಲೆಯಲ್ಲಿ ಒಂದು ಹಿಡಿ ಬಿಳಿಕೂದಲು. ಇನ್ನೊಬ್ಬಳು ಕನ್ನಡಕ ದೊಡ್ಡಮ್ಮ. ಕಣ್ಣಿನ ಆಪರೇಷನ್ ಆದ ಮೇಲೆ ಅವಳು ಕನ್ನಡಕ ಹಾಕುವುದೇ ಇಲ್ಲ. ಇಬ್ಬರೂ ತಿಂಡಿ ಡಬ್ಬಿ ಕಟ್ಟಿಕೊಂಡು, ಸಿನಿಮಾಕ್ಕೆ ಬಂದವರ ಹಾಗೆ ಬಂದರು.

ಮಧ್ಯಾಹ್ನ, ಉದ್ದನೆಯ ಮರದ ಮೇಜಿನ ಕೋಣೆ, ಕಿಟಕಿಯ ಪರದೆ ಎಳೆದು ಮೇಡಂ ಲ್ಯಾಪ್‌ಟಾಪಿನ ಮುಂದೆ ಕೂತೆವು. ಕಂಬಳಿಯ ಭಾಗ ಬಂದಾಗ ಇಬ್ಬರೂ ಹಿಗ್ಗಿ ಹೀರೇಕಾಯಿಯಾದರು. ಅಮ್ಮ ಎರಡನೆಯ ಮಡಿಕೆ ತಪ್ಪಾಗಿ ತೋರಿಸಿದ್ದಾಳೆಂದು ದೊಡ್ಡಮ್ಮ ತಕರಾರು ಎತ್ತಿದಳು. ಆಮೇಲೆ ಆ ಪ್ರಶ್ನೆ ಬಂತು, ಅಮ್ಮನ ಮುಖ ಹತ್ತಿರ ಬಂತು.

ಪರದೆಯಲ್ಲಿ ಅಮ್ಮ ಕೆಳಗೆ, ಎಡಕ್ಕೆ ನೋಡುತ್ತಿದ್ದಳು. ಭುಜ ಸ್ವಲ್ಪ ಏರಿ ಇಳಿಯುತ್ತಿತ್ತು. ಪ್ರತಿಸಲ ಭುಜ ಇಳಿದ ಮೇಲೆ ಅವಳ ಎಡಗೈ ಮುಖದ ಹತ್ತಿರ ಬಂದು ಬೆರಳು ಕಣ್ಣಿನ ರೆಪ್ಪೆ ಮುಟ್ಟುತ್ತಿತ್ತು. ಅಷ್ಟೂ ಹೊತ್ತಿನಲ್ಲಿ ಕಾಣಿಸಿದ ಕೈ ಅದೊಂದೇ.

"ಕಣ್ಣೀರು ಒರೆಸ್ಕೊಳ್ತಿದಾಳೆ," ಅಂದಳು ದೊಡ್ಡಮ್ಮ.

"ಹೂಂ, ಅಳ್ತಿದಾಳೆ," ಅಂದಳು ಚಿಕ್ಕಮ್ಮ. ಇಬ್ಬರೂ ಒಂದು ಮಾತಿಗೆ ಒಪ್ಪಿದ್ದು ನಾನು ನೋಡಿದ್ದು ಅದೇ ಮೊದಲು.

ಮೇಡಂ ಮುಚ್ಚಳದ ವಿಷಯ ಹೇಳಿದ್ದೇ ಚಿಕ್ಕಮ್ಮ ಹಣೆ ಚಚ್ಚಿಕೊಂಡಳು. "ಮುಚ್ಚಳ! ಅದನ್ನ ಬೀಳಿಸಿದ್ದೇ ನಾನು!"

ಅವಳು ಹೇಳಿದ್ದಿಷ್ಟು. ನಾನು ಹುಟ್ಟಿ ಕೆಲವು ವಾರಗಳಾಗಿದ್ದವು. ನನಗೆ ಕಿವಿ ಕೇಳಿಸುತ್ತದೋ ಇಲ್ಲವೋ ನೋಡಲು ಸಂಘದ ಹೆಂಗಸರೆಲ್ಲ ತೊಟ್ಟಿಲಿನ ಸುತ್ತ ಸೇರಿದ್ದರು. ಚಿಕ್ಕಮ್ಮ ನನ್ನ ಕಣ್ಣಿಗೆ ಬೀಳದ ಹಾಗೆ ತಲೆಯ ಹಿಂದೆ ನಿಂತು ಪಾತ್ರೆಯ ಮುಚ್ಚಳವನ್ನು ನೆಲಕ್ಕೆ ಬಿಟ್ಟಳು. ನಾನು ಬೆಚ್ಚಿಬಿದ್ದು ಅತ್ತೆ. ಹೆಂಗಸರು ಒಬ್ಬೊಬ್ಬರಾಗಿ ಅಮ್ಮನ ಭುಜ ತಟ್ಟಿ, ಇರಲಿ ಬಿಡು, ಮಗು ಆರೋಗ್ಯವಾಗಿದೆಯಲ್ಲ ಎಂದು ಸಮಾಧಾನ ಹೇಳಿದರು.

"ನಿಮ್ಮಮ್ಮ ನನ್ನ ಕೈಯಿಂದ ಮುಚ್ಚಳ ಕಿತ್ಕೊಂಡ್ಳು," ಅಂದಳು ಚಿಕ್ಕಮ್ಮ. "ತಾನೇ ಹಾಕಿ ನೋಡಿದ್ಳು. ಮತ್ತೆ ಎತ್ತಿದ್ಳು, ಮತ್ತೆ ಹಾಕಿದ್ಳು. ಸಂಜೆ ನಾವು ಹೊರಡೋವಾಗ್ಲೂ ಅದೇ ಮಾಡ್ತಿದ್ಳು. ನಮ್ಮ ಪರೀಕ್ಷೆ ತಪ್ಪಿರಬಹುದು ಅಂತ ಆಸೆ, ಪಾಪ. ತನ್ನ ಹಾಗೇ ಇರೋ ಮಗು ಬೇಕಿತ್ತು ಅವಳಿಗೆ."

ಹೇಳಿದ ಮೇಲೆ ಅವಳಿಗೆ ನಾನು ಅಲ್ಲಿರುವುದು ನೆನಪಾಯಿತು. ಕೈ ಮಡಿಲಿಗೆ ಹಾಕಿಕೊಂಡಳು.

ಇಷ್ಟು ವರ್ಷ ಹೆದರಿದ್ದು ಇದಕ್ಕೇ, ಬಂದ ಉತ್ತರವೂ ಇದೇ. ಅಮ್ಮ ದಿನವಿಡೀ ಮುಚ್ಚಳ ಬೀಳಿಸುತ್ತಾ, ನಾನು ಬೆಚ್ಚದೇ ಇರಲಿ ಎಂದು ಕಾದಿದ್ದಾಳೆ, ನಾನು ಪ್ರತಿಸಲ ಬೆಚ್ಚಿ ಅವಳಿಗೆ ನಿರಾಸೆ ಮಾಡಿದ್ದೇನೆ. ತುಂಬ ದುಃಖವಾಯಿತು, ಸತ್ತುಹೋದವಳ ಮೇಲೆ ಸಿಟ್ಟೂ ಬಂತು.

"ಈ ಭಾಗ ಪುಸ್ತಕದಲ್ಲಿ ಬೇಡ ಅಂದ್ರೆ ಬಿಡ್ತೀನಿ," ಅಂದರು ಮೇಡಂ. ಇತಿಹಾಸಕಾರರೊಬ್ಬರು ಆ ಮಾತು ಆಡುವುದು ಸಣ್ಣ ವಿಷಯವಲ್ಲ.

"ಇನ್ನೊಂದ್ಸಲ ಹಾಕ್ತೀನಿ," ಅಂದು ನಾನೇ ಲ್ಯಾಪ್‌ಟಾಪ್ ಎಳೆದುಕೊಂಡೆ. ಆಗ ಕಣ್ಣಿಗೆ ಬಿತ್ತು, ಧ್ವನಿ ಬಂದ್ ಆಗಿತ್ತು. ಅದು ಕಿವುಡರ ಲ್ಯಾಪ್‌ಟಾಪ್, ಅದರ ಧ್ವನಿಯನ್ನು ಯಾರು ಯಾಕೆ ತೆರೆಯುತ್ತಾರೆ? ಸನ್ನೆಯ ಮನೆಯಲ್ಲಿ ಬೆಳೆದ ನನಗೂ ಅದುವರೆಗೆ ಕೊರತೆ ಅನ್ನಿಸಿರಲಿಲ್ಲ. ಕ್ಯಾಮೆರಾದವನು ಮಾತ್ರ ತನ್ನ ಕ್ರಮ ತಪ್ಪದೆ ಮೇಜಿನ ಕೆಳಗೆ ಮೈಕ್ ಅಂಟಿಸಿದ್ದ. ನಾನು ಧ್ವನಿ ತೆರೆದೆ.

ಕುರ್ಚಿ ಕಿರುಗುಟ್ಟಿತು. ಕ್ಯಾಮೆರಾದವನು ಕೆಮ್ಮಿದ. ಆಮೇಲೆ ಠಣ್ ಎಂದು ಎಂಥ ಸದ್ದೆಂದರೆ ನಾನು ಕೂತಲ್ಲೇ ಹಾರಿಬಿದ್ದೆ. ಪರದೆಯ ಮೇಲೆ ಅಮ್ಮನ ಬೆರಳು ರೆಪ್ಪೆಯ ಮೇಲೆ ಪಟಪಟ ಬಡಿಯಿತು. ಮತ್ತೆ ಭುಜ ಏರಿತು, ಇಳಿಯಿತು. ಸದ್ದು ಮೊದಲಿನಷ್ಟಿರಲಿಲ್ಲ. ಬೆರಳೂ ಅಷ್ಟು ಬಡಿಯಲಿಲ್ಲ. ಮತ್ತೆ ಇನ್ನೂ ಕಡಿಮೆ. ಆಮೇಲೆ ಮುಚ್ಚಳ ಮೇಜಿಗೆ ಸುಮ್ಮನೆ ತಾಗಿದ ಹಾಗೆ. ಕೊನೆಯ ಸಲ ಭುಜ ಏರಿತು, ಬಹಳ ಹೊತ್ತು ಹಿಡಿದು ಮೆಲ್ಲನೆ ಇಳಿಯಿತು, ಏನೂ ಕೇಳಿಸಲಿಲ್ಲ. ಬೆರಳು ಮುಚ್ಚಿದ ರೆಪ್ಪೆಯ ಮೇಲೆ ಅಲುಗಾಡದೆ ಕೂತಿತ್ತು. ಅಮ್ಮ ಕಣ್ಣು ತೆರೆದು ಮೇಡಂ ಕಡೆ ನೋಡಿ, ಕೆಲಸ ಕೈಗೂಡಿದವಳಂತೆ ತಲೆ ಆಡಿಸಿದಳು.

ಅವಳು ಕಣ್ಣೀರು ಒರೆಸಿಕೊಳ್ಳುತ್ತಿರಲಿಲ್ಲ. ಆ ರೆಪ್ಪೆ ನನ್ನದು.

ಕಿವುಡರ ಮನೆಯೆಂದರೆ ಮೌನವೆಂದು ಹೊರಗಿನವರು ತಿಳಿದಿದ್ದಾರೆ. ಚಿಕ್ಕಮ್ಮನ ಮನೆಗೆ ಬಂದು ನೋಡಬೇಕು, ಬಾಗಿಲು ಬಡಿಯುವುದು, ಪಾತ್ರೆ ಎಸೆಯುವುದು, ಕುರ್ಚಿ ಎಳೆಯುವುದು, ಒಂದು ಕಾರ್ಖಾನೆ ನಡೆಯುತ್ತಿರುತ್ತದೆ. ನಮ್ಮ ಮನೆಯಲ್ಲಿ ಪಾತ್ರೆ ಸದ್ದಾದದ್ದೇ ನನಗೆ ನೆನಪಿಲ್ಲ. ಅಮ್ಮನ ಕೈಯೇ ಹಾಗೆ, ಹುಟ್ಟಾ ನಯ ಅಂದುಕೊಂಡಿದ್ದೆ. ತನಗೆ ಕೇಳಿಸದ ಸದ್ದನ್ನು ಅವಳು ನನ್ನ ರೆಪ್ಪೆ ನೋಡಿ ಅಳೆದು, ಸಂಜೆಯ ತನಕ ಕೂತು ಕಲಿತಿದ್ದಳು.

ಮೂವರೂ ನನ್ನ ಮುಖವನ್ನೇ ನೋಡುತ್ತಿದ್ದರು. ಸದ್ದು ಸಣ್ಣದಾಗುತ್ತ ಹೋಯಿತೆಂದು ಹುಟ್ಟಿನಿಂದ ಕೇಳದವರಿಗೆ ಹೇಗೆ ಹೇಳುವುದು? ಕೋರ್ಟಿನಲ್ಲಿ ಕೊಲೆ ಕೇಸುಗಳನ್ನು ಸನ್ನೆಗೆ ದಾಟಿಸಿದ ನನ್ನ ಕೈ ಇಲ್ಲಿ ತಡವರಿಸಿತು. ಕೊನೆಗೆ ಮೂವರ ಅಂಗೈಗಳನ್ನೂ ಮೇಜಿನ ಮೇಲೆ ಒತ್ತಿ ಇಡಿಸಿದೆ. ದೊಡ್ಡಮ್ಮನ ತಿಂಡಿ ಡಬ್ಬಿಯ ಮುಚ್ಚಳ ತೆಗೆದು ಮೇಜಿಗೆ ಬಡಿದೆ. ಮರ ಅದುರಿತು. ಆಮೇಲೆ ಅಮ್ಮ ಮಾಡಿದ ಹಾಗೇ ಕಡಿಮೆ, ಇನ್ನೂ ಕಡಿಮೆ, ಅಂಗೈಗೆ ಏನೂ ತಿಳಿಯದಷ್ಟು ಕಡಿಮೆ. ಪ್ರತಿಸಲ ನನ್ನ ರೆಪ್ಪೆ ಮುಟ್ಟಿ ತೋರಿಸಿದೆ.

ದೊಡ್ಡಮ್ಮ ಇಲ್ಲದ ಕನ್ನಡಕವನ್ನು ಸರಿಮಾಡಿಕೊಂಡಳು.

ಚಿಕ್ಕಮ್ಮ ನನ್ನ ಕೈಯಿಂದ ಮುಚ್ಚಳ ಇಸಿದುಕೊಂಡಳು. ನನ್ನ ಎದುರಿಗೆ ಬಂದು, ಕಣ್ಣಿಗೆ ಕಣ್ಣು ಕೊಟ್ಟು ಕೂತಳು. ಪಾತ್ರೆ ಎಸೆದೇ ಅಭ್ಯಾಸವಾದ ಕೈ ಅದು. ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟು ಕೂದಲೆಳೆಯಷ್ಟು ಇಳಿಸುತ್ತ ಮುಚ್ಚಳವನ್ನು ಮೇಜಿಗೆ ತಾಗಿಸಿದಳು.

"ರೆಪ್ಪೆ ಬಡೀತಿದೆ," ಅಂದಳು ಗಾಬರಿಯಾಗಿ. "ಜೋರಾಯ್ತಾ?"

"ಇಲ್ಲ ಚಿಕ್ಕಮ್ಮ," ಅಂದೆ. "ಸದ್ದೇ ಆಗ್ಲಿಲ್ಲ."